ಪ್ರಾಗ್‌ನಲ್ಲಿ ನಡೆದೆವು, ಬುಡಾಪೆಸ್ಟ್‌ನಲ್ಲಿ ಕೂತೆವು

ವಿಯೆನ್ನಾದಲ್ಲಿರುವ ನಮ್ಮಂಥ ಕನ್ನಡದವರಿಗೆ ವರ್ಷಕ್ಕೊಂದು ಸಲವಾದರೂ ಈ ಪ್ರಶ್ನೆ ಎದುರಾಗುತ್ತದೆ. ಊರಿಂದ ಅಪ್ಪನೋ ಅಮ್ಮನೋ ಬಂದಿರುತ್ತಾರೆ. ಇಲ್ಲಿನ ಅರಮನೆ, ತೋಟ ಎಲ್ಲ ನೋಡಿ ಆಗಿರುತ್ತದೆ. ಶನಿವಾರ, ಭಾನುವಾರ ಎಲ್ಲಿಗೆ ಕರೆದುಕೊಂಡು ಹೋಗೋದು? ಪ್ರಾಗ್‌ಗೋ, ಬುಡಾಪೆಸ್ಟ್‌ಗೋ?

ಹೋದ ವರ್ಷ ಅಕ್ಟೋಬರಿನಲ್ಲಿ ನಾನು ಎರಡನ್ನೂ ಮಾಡಿ ನೋಡಿದೆ. ಅದೇ ಅಮ್ಮ, ಅದೇ ಮಂಡಿನೋವು, ಮಧ್ಯೆ ಎರಡು ವಾರದ ಬಿಡುವು. ಎರಡೂ ಊರಿನಲ್ಲಿ ಎರಡೆರಡು ರಾತ್ರಿ.

ಮೊದಲು ಅಮ್ಮನ ಬಗ್ಗೆ ಹೇಳಬೇಕು, ಯಾಕೆಂದರೆ ಈ ಹೋಲಿಕೆಯ ಅಳತೆಗೋಲು ಅವಳೇ. ವಯಸ್ಸು 67. ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾದವಳು. ಎಡ ಮಂಡಿ ಸವೆದಿದೆ. ಸಪಾಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ಮಾತಾಡುತ್ತಾ ನಡೆದುಬಿಡುತ್ತಾಳೆ. ಮೆಟ್ಟಿಲು ಹತ್ತುವುದು ಕಷ್ಟ, ಇಳಿಯುವುದು ಇನ್ನೂ ಕಷ್ಟ. ಮೊಟ್ಟೆ ತಿನ್ನುವುದಿಲ್ಲ. ಆದರೆ ಕೇಕಿನೊಳಗೆ ಇದ್ದರೆ, "ಕಣ್ಣಿಗೆ ಕಾಣದಿದ್ರೆ ಸರಿ" ಅನ್ನುವ ಪೈಕಿ. ಇಪ್ಪತ್ತೈದು ವರ್ಷ ವಯಸ್ಸಿನ ಗೆಳೆಯರ ಜೊತೆ ಹೊರಟವರು ನನ್ನ ತೀರ್ಮಾನವನ್ನು ಉಲ್ಟಾ ಓದಿಕೊಂಡರೂ ನಡೆಯುತ್ತದೆ.

ವಿಯೆನ್ನಾದಿಂದ ಎರಡಕ್ಕೂ ನೇರ ರೈಲಿದೆ. ಪ್ರಾಗ್‌ಗೆ ನಾಲ್ಕು ಗಂಟೆ. ಬುಡಾಪೆಸ್ಟ್‌ಗೆ ಎರಡೂ ಮುಕ್ಕಾಲು ಗಂಟೆಯೂ ಬೇಡ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಓಡುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಪ್ರಾಗ್‌ನಲ್ಲಿ ಇಳಿದಾಗ ಹತ್ತೂವರೆ, ರೈಲಿನಲ್ಲಿ ತಿಂದ ಚಪಾತಿಯೇ ಊಟ. ಬುಡಾಪೆಸ್ಟ್‌ನಲ್ಲಿ ಬಿಸಿ ಸೂಪು ಸಿಕ್ಕಿತು.

ಪ್ರಾಗ್‌ನ ಕೋಣೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇದೆ ಎಂದು ಬರೆದಿದ್ದರು. ಇತ್ತು ಕೂಡ. ಆದರೆ ಲಿಫ್ಟಿನ ಬಾಗಿಲು ತಲುಪಲು ಹದಿನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಹಳೇ ಕಟ್ಟಡಗಳಿಗೆ ಆಮೇಲೆ ಲಿಫ್ಟ್ ತುರುಕಿದ ಕಡೆ ಹೀಗೇ, ಅರ್ಧ ಮಹಡಿ ಮೇಲಿಂದ ಶುರುವಾಗುತ್ತದೆ. ಬುಡಾಪೆಸ್ಟ್‌ಗೆ ಕೋಣೆ ಹಿಡಿಯುವಾಗ, "ರಸ್ತೆಯಿಂದ ಲಿಫ್ಟಿನ ತನಕ ಎಷ್ಟು ಮೆಟ್ಟಿಲು?" ಎಂದು ಮೊದಲೇ ಬರೆದು ಕೇಳಿದೆ. ನೀವೂ ಕೇಳಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಎರಡು ದೇಶದಲ್ಲೂ ಯೂರೋ ಇಲ್ಲ, ಪ್ರಾಗ್ ಇರುವ ಜೆಕ್ ದೇಶದಲ್ಲಿ ಕೊರುನಾ, ಬುಡಾಪೆಸ್ಟ್ ಇರುವ ಹಂಗೇರಿಯಲ್ಲಿ ಫೋರಿಂಟ್. ನಾವು ಹೋದಲ್ಲೆಲ್ಲ ಕಾರ್ಡ್ ನಡೆಯಿತು. ಆದರೂ ಪ್ರಾಗ್‌ನಲ್ಲಿ ನಾನು ಬುದ್ಧಿವಂತಿಕೆ ಮಾಡಿ, "ಕಮಿಷನ್ ಇಲ್ಲ" ಎಂದು ಬೋರ್ಡ್ ಹಾಕಿದ್ದ ಒಂದು ಕಿಂಡಿಯಲ್ಲಿ 50 ಯೂರೋ ಬದಲಿಸಿದೆ. ಕಮಿಷನ್ ತೆಗೆದುಕೊಳ್ಳಲಿಲ್ಲ, ನಿಜ. ದರದಲ್ಲೇ ಕತ್ತರಿಸಿಕೊಂಡರು. ಯೂರೋಗೆ ಹತ್ತಿರ ಹತ್ತಿರ 25 ಕೊರುನಾ ಬರಬೇಕಾದಲ್ಲಿ 19 ಬಂತು. ಇಂಥ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು ಅಂತ ಜೆಕ್ ಕಾನೂನಿನಲ್ಲಿ 2019ರಿಂದ ಇದೆ. ನನಗೆ ಅದು ಗೊತ್ತಾಗಿದ್ದು ನಾಲ್ಕನೇ ಗಂಟೆಗೆ. ಒಟ್ಟು ಖರ್ಚಿನಲ್ಲಿ ನಮಗೆ ಬುಡಾಪೆಸ್ಟ್ ಅಗ್ಗವಾಯಿತು, ಮುಖ್ಯವಾಗಿ ಕೋಣೆಯ ಬಾಡಿಗೆಯಿಂದ.

ಈಗ ನಿಜವಾದ ವಿಷಯಕ್ಕೆ ಬರೋಣ, ಅಂದರೆ ಕಾಲಿಗೆ.

ಚಂದ ಅಂತ ನೋಡಿದರೆ ಪ್ರಾಗ್‌ಗೆ ಸಾಟಿ ಇಲ್ಲ. ಹಳೇ ಊರು ಇಡಿಯಾಗಿ ಉಳಿದಿದೆ, ಎಲ್ಲ ಒತ್ತೊತ್ತಾಗಿದೆ, ಪ್ರತಿ ತಿರುವಿನಲ್ಲೂ ಒಂದು ಗೋಪುರ. ಆದರೆ ಅದು ನಡೆದು ನೋಡುವ ಊರು. ನೆಲಕ್ಕೆಲ್ಲ ಕಲ್ಲು ಹಾಸಿದ್ದಾರೆ. ಉಬ್ಬುಬ್ಬಾದ ಹಳೇ ಕಲ್ಲುಗಳಿಗೆ ಜೆಕ್ ಭಾಷೆಯಲ್ಲಿ "ಬೆಕ್ಕಿನ ತಲೆಗಳು" ಅನ್ನುತ್ತಾರೆ. ಇದನ್ನು ಹೇಳಿದ ಮೇಲೆ ಅಮ್ಮ ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತಿದ್ದಳು. ತಲೆ ಎತ್ತಿದರೆ ಗೋಪುರ, ತಗ್ಗಿಸಿದರೆ ಬೆಕ್ಕು. ಅವಳು ನೋಡಿದ್ದು ಜಾಸ್ತಿ ಬೆಕ್ಕನ್ನೇ.

ಕೋಟೆಗೆ ಹೋಗುವಾಗ ನಾನು ಮಾಡಿದ ತಪ್ಪು ಈ ಪ್ರವಾಸದಲ್ಲೇ ದೊಡ್ಡದು. ಕೆಳಗಿನ ಊರಿಂದ ಹದಿನೈದು ನಿಮಿಷದ ದಾರಿ ಎಂದು ಫೋನ್ ತೋರಿಸಿತು. ಫೋನಿಗೆ ಮಂಡಿ ಇಲ್ಲ. ನೆರುದೋವಾ ಬೀದಿಯ ಏರು ಹತ್ತಿ ಮುಗಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕು ಕಡೆ ಅಂಗಡಿ ಮೆಟ್ಟಿಲ ಮೇಲೆ ಕೂತೆವು. ವಾಪಸ್ ಬರುವಾಗ 22ನೇ ನಂಬರಿನ ಟ್ರಾಮ್ ಹಿಡಿದಾಗ ಗೊತ್ತಾಯಿತು, ಅದರ ನಿಲ್ದಾಣ ಕೋಟೆಯ ಹಿಂಬದಿಯಲ್ಲೇ ಇದೆ, ಅಲ್ಲಿಂದ ಬಾಗಿಲಿನವರೆಗೆ ದಾರಿ ಹೆಚ್ಚುಕಡಿಮೆ ಸಪಾಟು. ಹತ್ತುವಾಗಲೇ ಅದರಲ್ಲಿ ಹೋಗಬೇಕಿತ್ತು. ಅಮ್ಮ ಏನೂ ಅನ್ನಲಿಲ್ಲ. ಟ್ರಾಮಿನ ಸೀಟಿನಲ್ಲಿ ಕೂತು, ಕಿಟಕಿ ಕಡೆ ತಿರುಗಿ, "ಇದು ಮೊದಲೇ ಇತ್ತಾ?" ಅಂತ ಮಾತ್ರ ಕೇಳಿದಳು.

ಕೋಟೆಯೊಳಗಿನ ಸಂತ ವೀಟಸ್ ಚರ್ಚು ಅವಳಿಗೆ ತುಂಬಾ ಹಿಡಿಸಿತು. ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ. "ನಮ್ಮ ಹಳೇಬೀಡಿಂದು ಅರ್ಧಕ್ಕೇ ನಿಂತೋಯ್ತು, ಇವರು ಹಟ ಬಿಡಲಿಲ್ಲ ನೋಡು" ಅಂದಳು. ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಅರ್ಧ ಗಂಟೆ ಇದ್ದೆವು.

ಚಾರ್ಲ್ಸ್ ಸೇತುವೆಗೆ ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದೆವು. ಇದೊಂದು ನಾನು ಸರಿ ಮಾಡಿದ್ದು. 1357ರಲ್ಲಿ ಕಟ್ಟಲು ಶುರು ಮಾಡಿದ ಕಲ್ಲಿನ ಸೇತುವೆ, ಎರಡೂ ಬದಿಗೆ ಒಟ್ಟು ಮೂವತ್ತು ವಿಗ್ರಹಗಳು, ಕೆಳಗೆ ವ್ಲತಾವಾ ನದಿಯ ಮೇಲೆ ಮಂಜು. ಜನವೇ ಇರಲಿಲ್ಲ. ಹತ್ತು ಗಂಟೆಗೆ ಮತ್ತೆ ಅದೇ ದಾರಿಯಲ್ಲಿ ಬಂದಾಗ ಜಾತ್ರೆಯ ತೇರುಬೀದಿಯ ಹಾಗಿತ್ತು. ಎರಡು ಹೊತ್ತಿನಲ್ಲೂ ಕೊರತೆ ಒಂದೇ. ಅರ್ಧ ಕಿಲೋಮೀಟರ್ ಉದ್ದಕ್ಕೆ ಒಂದು ಬೆಂಚೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹಳೇ ಚೌಕದ 1410ರ ಗಡಿಯಾರವನ್ನು ಎಲ್ಲರೂ "ಒಂದು ನಿಮಿಷದ ಆಟ, ಸುಮ್ನೆ ಕಾಯಬೇಡಿ" ಎಂದು ತಳ್ಳಿಹಾಕುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಮ್ಮ ಮೇಲಿನ ಕಿಟಕಿಯಲ್ಲಿ ಸುತ್ತುವ ಸಂತರ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ಒಂದು ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಹೊಡೆಯುತ್ತದೆ, ಅದರ ಜೊತೆಗಿರುವ ಗೊಂಬೆಗಳು ತಲೆ ಅಲ್ಲಾಡಿಸುತ್ತವೆ. "ಯಮ ಕರೀತಿದ್ದಾನೆ, ಇವರು ಬರಲ್ಲ ಅಂತಿದ್ದಾರೆ" ಎಂದು ನಕ್ಕಳು. ಮುಂದಿನ ಗಂಟೆಗೆ ಮತ್ತೊಂದು ಸಲ ನೋಡಿಕೊಂಡೇ ಹೊರಟಳು. ನಿಂತುಕೊಂಡೇ.

ಊಟದಲ್ಲಿ ಪ್ರಾಗ್ ಗೆದ್ದಿತು, ಅದೂ ಒಂದೇ ತಿಂಡಿಯಿಂದ. ಹಣ್ಣು ತುಂಬಿ ಬೇಯಿಸಿದ ಹಿಟ್ಟಿನ ಉಂಡೆ, ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ಪುಡಿ ಮಾಡಿದ ಗಿಣ್ಣು. ನಮಗೆ ಸಿಕ್ಕಿದ್ದರೊಳಗೆ ಪ್ಲಮ್ ಇತ್ತು. "ಕಡುಬೇ ಕಣೇ ಇದು" ಅಂದಳು ಅಮ್ಮ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೋ ಇಲ್ಲವೋ ಎಂದು ಇಬ್ಬರೂ ಕೇಳಲಿಲ್ಲ.

ಹೀಗೆ ತಿನ್ನುತ್ತಾ ಕೂತಾಗ ಅವಳೇ ಒಂದು ಹೆಸರು ಎತ್ತಿದಳು, ಕಮಿಲ್ ಜ್ವೆಲೆಬಿಲ್. ದ್ರಾವಿಡ ಭಾಷೆಗಳ ಬಗ್ಗೆ ಬರೆದ ದೊಡ್ಡ ವಿದ್ವಾಂಸರು, ಹುಟ್ಟಿದ್ದು ಪ್ರಾಗ್‌ನಲ್ಲೇ, 1927ರಲ್ಲಿ. 1968ರಲ್ಲಿ ಸೋವಿಯತ್ ಸೇನೆ ಒಳನುಗ್ಗಿದ ಮೇಲೆ ದೇಶ ಬಿಟ್ಟರು. ಎಂ.ಎ. ಓದುವಾಗ ಅಮ್ಮ ಅವರ ಹೆಸರನ್ನು ಉರು ಹೊಡೆದಿದ್ದಳಂತೆ. "ಇಷ್ಟು ದೂರದ ಊರಲ್ಲಿ ಕೂತು ನಮ್ಮ ಪ್ರತ್ಯಯ ಎಣಿಸಿದ್ದಾರೆ ಮಾರಾಯ್ತಿ!"

ಎರಡು ವಾರ ಬಿಟ್ಟು ಬುಡಾಪೆಸ್ಟ್. ಈ ಸಲ ನಾನು ಪಾಠ ಕಲಿತಿದ್ದೆ. ಏನೇನು ನೋಡಬೇಕು ಅಂತ ಪಟ್ಟಿ ಮಾಡಲಿಲ್ಲ, ಎಲ್ಲೆಲ್ಲಿ ಕೂರಬಹುದು ಅಂತ ಮಾಡಿದೆ.

ಬುಡಾ ಬೆಟ್ಟದ ಮೇಲಿನ ಕೋಟೆಗೆ 1870ರ ಹಳೇ ಹಗ್ಗದ ರೈಲಿದೆ. ಚಂದ ಕಾಣುತ್ತದೆ, ಆದರೆ ಉದ್ದ ಸಾಲು, ಬೇರೆ ಟಿಕೆಟ್. 16ನೇ ನಂಬರಿನ ಬಸ್ಸು ಅದೇ ಬೆಟ್ಟ ಹತ್ತುತ್ತದೆ, ದಿನದ ಪಾಸಿನಲ್ಲೇ ನಡೆಯುತ್ತದೆ, ಮತ್ತಿಯಾಸ್ ಚರ್ಚಿನ ಚೌಕದಲ್ಲೇ ಇಳಿಸುತ್ತದೆ. ನಾವು ಬಸ್ಸು ಹತ್ತಿದೆವು. ಪ್ರಾಗ್‌ನಲ್ಲಿ ಮುಕ್ಕಾಲು ಗಂಟೆ ಏದುಸಿರು ಬಿಟ್ಟವರಿಗೆ ಇದು ಅರಮನೆ ರಥ. ಮೇಲೆ ಏಳು ಗೋಪುರಗಳ ಬಿಳಿ ಕಟ್ಟೆ, ಹಂಗೇರಿಯವರ ಪೂರ್ವಜರಾದ ಮ್ಯಾಗ್ಯಾರರ ಏಳು ನಾಯಕರ ಲೆಕ್ಕಕ್ಕೆ ಏಳು. ಅದರ ಮೇಲಿನ ಹಂತಕ್ಕೆ ದುಡ್ಡು ಕೇಳುತ್ತಾರೆ. ಕೆಳಗಿನದು ಬಿಟ್ಟಿ, ಅಲ್ಲಿಂದಲೇ ಡ್ಯಾನ್ಯೂಬ್ ನದಿ ಪೂರ್ತಿ ಕಾಣುತ್ತದೆ.

ಸಂಜೆ 2ನೇ ನಂಬರಿನ ಟ್ರಾಮ್. ಪೆಸ್ಟ್ ಬದಿಯ ದಡದುದ್ದಕ್ಕೂ ಓಡುವ ಹಳದಿ ಗಾಡಿ. ಮಾರ್ಗರೆಟ್ ಸೇತುವೆಯ ಪಕ್ಕದ ಯಾಸೈ ಮಾರಿ ಚೌಕದಲ್ಲಿ, ಅಂದರೆ ಮೊದಲ ನಿಲ್ದಾಣದಲ್ಲೇ ಹತ್ತಿ, ಬಲಗಡೆಯ ಕಿಟಕಿ ಹಿಡಿಯಿರಿ. ಹಳೇ ಕಾಲದ ಟ್ರಾಮ್ ಆದ್ದರಿಂದ ಹತ್ತುವಾಗ ಮೆಟ್ಟಿಲು ಎತ್ತರ. ಅಮ್ಮನಿಗೆ ನನ್ನ ಭುಜ ಬೇಕಾಯಿತು. ಕೂತ ಮೇಲೆ ಮಾತ್ರ ಊರೇ ನಮ್ಮ ಮುಂದೆ ಮೆರವಣಿಗೆ ಹೋಯಿತು. ಮೊದಲು ದೀಪ ಹಚ್ಚಿದ ಸಂಸತ್ ಭವನ. ಅದರ ಎತ್ತರ 96 ಮೀಟರ್, ಸಂತ ಸ್ಟೀಫನ್ನರ ಚರ್ಚಿನದೂ ಅಷ್ಟೇ. 1896ರಲ್ಲಿ ಹಂಗೇರಿಯವರು ತಮ್ಮ ನಾಡಿಗೆ ಸಾವಿರ ವರ್ಷ ತುಂಬಿದ ಹಬ್ಬ ಮಾಡಿದರು, ಅದರ ನೆನಪಿಗೆ 96. ಆಮೇಲೆ ಕಲ್ಲಿನ ಸಿಂಹಗಳ ಚೈನ್ ಬ್ರಿಜ್, ಎದುರು ದಡದ ಅರಮನೆ. ಪ್ರಾಗ್‌ನಲ್ಲಿ ದುಡ್ಡು ಕೊಟ್ಟು ಹತ್ತಿದ ಒಂದು ಗಂಟೆಯ ದೋಣಿಯಲ್ಲಿ ಅಮ್ಮ ನಿದ್ದೆ ಹೋಗಿದ್ದಳು. ಇಲ್ಲಿ ಕೊನೆಯ ನಿಲ್ದಾಣ ಬಂದಾಗ, "ಇಳೀಲೇಬೇಕಾ?" ಅಂತ ಕೇಳಿದಳು. ಅದೇ ಪಾಸಿನಲ್ಲಿ ಹಿಂದಕ್ಕೆ ಬಂದೆವು, ಮತ್ತೆ ಹೋದೆವು.

ಆ ಟ್ರಾಮಿನಲ್ಲೇ ಒಂದು ಪುಟ್ಟ ಹುಡುಗ "ಅಪಾ, ಅಪಾ" ಎಂದು ಅಪ್ಪನನ್ನು ಕರೆಯುತ್ತಿದ್ದ. ಅಮ್ಮನ ಕಿವಿ ನೆಟ್ಟಗಾಯಿತು. ಹಂಗೇರಿಯನ್‌ನಲ್ಲಿ ಅಪ್ಪನಿಗೆ ಅಪಾ ಅಂತಲೇ. ಅಮ್ಮನಿಗೆ ಅನ್ಯಾ. ಅಷ್ಟಕ್ಕೇ ನಿಲ್ಲಲಿಲ್ಲ. ಊರಿನ ಹೆಸರಿಗೆ ಪ್ರತ್ಯಯ ಅಂಟಿಸಿ ಬುಡಾಪೆಸ್ಟೆನ್ ಅಂದರೆ "ಬುಡಾಪೆಸ್ಟಿನಲ್ಲಿ", ಪ್ರಾಗಾಬನ್ ಅಂದರೆ "ಪ್ರಾಗಿನಲ್ಲಿ". "ಸಪ್ತಮೀ ವಿಭಕ್ತಿ!" ಎಂದು ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದಳು. ಹಂಗೇರಿಯನ್ ನಮ್ಮ ಕುಟುಂಬದ ಭಾಷೆ ಅಲ್ಲ, ಅದರ ನೆಂಟರು ಫಿನ್ನಿಶ್ ಕಡೆಯವರು ಎಂದು ನಾನು ಹೇಳಿದೆ. ಮೇಷ್ಟ್ರಿಗೆ ಬೇಕಾದ್ದು ಸಿಕ್ಕಿಯಾಗಿತ್ತು.

ಭಾನುವಾರ ಬಿಸಿನೀರಿನ ಸ್ನಾನಕ್ಕೆ ಸೇಚೆನಿಗೆ. 1913ರಲ್ಲಿ ತೆರೆದ ದೊಡ್ಡ ಹಳದಿ ಕಟ್ಟಡ, ನೆಲದಡಿಯ ಬಿಸಿ ಬುಗ್ಗೆಯ ನೀರು. ಇದಕ್ಕೆ ಅಮ್ಮ ಮೂರು ದಿನ ಒಪ್ಪಿರಲಿಲ್ಲ. "ಆ ಬಟ್ಟೇಲಿ ನಾಲ್ಕು ಜನರ ಮುಂದೆ ನಾನಾ?" ಕೊನೆಗೆ ವಿಯೆನ್ನಾದಲ್ಲಿ ತೋಳು, ಕಾಲು ಪೂರ್ತಿ ಮುಚ್ಚುವ ಈಜುಡುಗೆ ಹುಡುಕಿ ತಂದೆ. ಬೇಡ ಬೇಡ ಅನ್ನುತ್ತಲೇ ಚೀಲಕ್ಕೆ ಹಾಕಿದ್ದಳು. ಹೋಗಿದ್ದು 1896ರ ಹಳದಿ ಗೆರೆಯ ಮೆಟ್ರೋದಲ್ಲಿ. ರಸ್ತೆಯ ಕೆಳಗೇ ಇರುವುದರಿಂದ ಇಳಿಯುವ ಮೆಟ್ಟಿಲು ಕಡಿಮೆ. ಕೆಂಪು ಗೆರೆಯ ಮೆಟ್ರೋ ಹಾಗಲ್ಲ, ಅದರ ಎಸ್ಕಲೇಟರ್ ಉದ್ದ ಮತ್ತು ವಿಪರೀತ ವೇಗ. ಅಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡೇ ಕಾಲಿಟ್ಟಿದ್ದಳು.

ಹೊರಗೆ ಎಂಟು ಡಿಗ್ರಿ ಚಳಿ. ಬಯಲಿನ ಕೊಳದಿಂದ ಹಬೆ ಏಳುತ್ತಿತ್ತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮಂಡಿ ಮುಳುಗಿತು, ಸೊಂಟ ಮುಳುಗಿತು. ಕತ್ತಿನವರೆಗೆ ನೀರಿನಲ್ಲಿ ಕೂತು ಒಂದು ದೊಡ್ಡ ಉಸಿರು ಬಿಟ್ಟಳು. "ಹಂಡೆ ನೀರಿನ ಹದ" ಅಂದಳು. ನಮ್ಮ ಮನೆಯ ಬಚ್ಚಲಿನಲ್ಲಿ ಇವತ್ತಿಗೂ ಸೌದೆ ಒಲೆಯ ಮೇಲೆ ತಾಮ್ರದ ಹಂಡೆ ಇದೆ. ಅದಕ್ಕಿಂತ ಮೇಲಿನ ಹೊಗಳಿಕೆ ಅವಳ ಬಳಿ ಇಲ್ಲ. ಆ ಕಡೆ ಮೂವರು ಮುದುಕರು ಎದೆಮಟ್ಟ ನೀರಿನಲ್ಲಿ ನಿಂತು ಚೆಸ್ ಆಡುತ್ತಿದ್ದರು.

ನಾನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅಮ್ಮನ ಪಕ್ಕ ಅವಳದೇ ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ಅವರು ತಮ್ಮ ಕಾಲನ್ನು ನೀರಿನಿಂದ ಮೇಲೆತ್ತಿ, ಮಂಡಿಯ ಮೇಲಿನ ಉದ್ದ ಹೊಲಿಗೆಯ ಗುರುತು ತೋರಿಸುತ್ತಿದ್ದರು. ಅಮ್ಮ ತನ್ನ ಎಡಗಾಲು ಎತ್ತಿ, ಬೆರಳಿನಿಂದ ಮಂಡಿಯ ಸುತ್ತ ವೃತ್ತ ಬರೆದು, ಮುಖ ಹಿಂಡಿದಳು. ಆಕೆ ಹಂಗೇರಿಯನ್, ಇವಳು ಕನ್ನಡ. ಅನುವಾದಕ್ಕೆಂದು ಹತ್ತಿರ ಹೋದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಎರಡು ಗಂಟೆ ಅಲ್ಲೇ ಕಳೆದೆವು, ನೋಡಬೇಕೆಂದಿದ್ದ ಇನ್ನೆರಡು ಜಾಗ ಬಿಟ್ಟೇಹೋಯಿತು.

ಬುಡಾಪೆಸ್ಟ್‌ನ ಊಟ ಸಸ್ಯಾಹಾರಿಗಳಿಗೆ ಪರದಾಟವೇ. ಲಾಂಗೋಶ್ ಅಂತ ತಟ್ಟೆಯಗಲದ ಪೂರಿ ಕರಿದು, ಬೆಳ್ಳುಳ್ಳಿ ನೀರು, ಹುಳಿ ಕೆನೆ, ಚೀಸು ಹಾಕಿ ಕೊಡುತ್ತಾರೆ. ರುಚಿ ಇದೆ, ಅರ್ಧಕ್ಕೇ ಹೊಟ್ಟೆ ಕಟ್ಟುತ್ತದೆ. ಫೋಜೆಲೇಕ್ ಅನ್ನುವ ತರಕಾರಿಯ ಗಟ್ಟಿ ಸಾರು ನಮ್ಮ ಕೂಟಿನ ಹಾಗಿರುತ್ತದೆ, ಆದರೆ ಮೇಲೆ ಮೊಟ್ಟೆಯೋ ಮಾಂಸವೋ ಇಡುತ್ತಾರೆ, ಮೊದಲೇ ಬೇಡ ಅನ್ನಬೇಕು. ಅಮ್ಮ ಖಾರ ಸಾಲದು ಅಂದಳು. ಪ್ಯಾಪ್ರಿಕಾ ಅಂತ ಇಷ್ಟು ಹೆಸರು ಮಾಡಿದ ದೇಶದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವಷ್ಟೇ ಇದೆ ಎನ್ನುವುದು ಅವಳ ದೂರು.

ಮಂಡಿ ಗಟ್ಟಿ ಇದ್ದು ಒಂದೇ ಊರು ನೋಡಲು ಆಗುವುದಾದರೆ ನಾನು ಪ್ರಾಗ್ ಅನ್ನುತ್ತೇನೆ, ಆ ಮಂಜಿನ ಸೇತುವೆಗಾಗಿ. ಅಮ್ಮನ ಜೊತೆಗಾದರೆ ಕಣ್ಣು ಮುಚ್ಚಿ ಬುಡಾಪೆಸ್ಟ್. ಅಮ್ಮನನ್ನು ಕೇಳಿದರೆ ಎರಡೂ ಚೆನ್ನಾಗಿತ್ತು ಅನ್ನುತ್ತಾಳೆ, ಫೋನಿನಲ್ಲಿ ಅಕ್ಕಪಕ್ಕದವರಿಗೆಲ್ಲ ಗಂಟೆ ಹೊಡೆಯುವ ಯಮನ ಕಥೆಯನ್ನೇ ಹೇಳಿದಳು. ಊರಿಗೆ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತುಂಬುವಾಗ ಆ ಈಜುಡುಗೆಯನ್ನು ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಳು. "ಇದನ್ನ ಯಾರಿಗೂ ಕೊಟ್ಟುಬಿಡಬೇಡ" ಅಂದಳು.