‘ಫುಲ್ ಕವರ್ ಇದೆ ಅಕ್ಕಾ’ ಎಂಬ ಮಾತನ್ನು ನಂಬಿ ವಿದೇಶದಲ್ಲಿ ಕಾರು ಬಾಡಿಗೆಗೆ ಪಡೆಯಬೇಡಿ

ತುಮಕೂರಿನ ಕಡೆಯಿಂದ ವಿದೇಶಕ್ಕೆ ಹೋಗಿ, ತಾವೇ ಕಾರು ಓಡಿಸಿಕೊಂಡು ಊರೂರು ನೋಡಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮನೆಗೆ ಮರಳಿ ಆರು ದಿನಗಳಾದ ಮೇಲೆ ನನ್ನ ಕ್ರೆಡಿಟ್ ಕಾರ್ಡಿನಿಂದ 651 ಪೌಂಡ್, ಅಂದರೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕವೂ ಸೇರಿ ಸುಮಾರು 72 ಸಾವಿರ ರೂಪಾಯಿ, ಒಂದು ಓಟಿಪಿಯನ್ನೂ ಕೇಳದೆ ಕಡಿತವಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ಇಪ್ಪತ್ತೊಂದು ವರ್ಷಗಳಿಂದ ನಾನು ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ; ಬೇರೆಯವರ ಬಿಲ್ಲು ವೋಚರುಗಳಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು.

ಕೋಟೆಗಳ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಮಧುಗಿರಿ ಬೆಟ್ಟವನ್ನು ಏಳು ಸಲ ಹತ್ತಿದ್ದೇನೆ, ಪಾವಗಡ ಮಿಡಿಗೇಶಿಗಳನ್ನು ಒಬ್ಬಳೇ ಸುತ್ತಿದ್ದೇನೆ. ಬ್ರಿಟನ್ನಿನ ಭಾಗವಾದ ವೇಲ್ಸಿನ ಉತ್ತರದಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಕಟ್ಟಿಸಿದ ಕೋಟೆಗಳ ಸಾಲನ್ನು ನೋಡಬೇಕೆಂಬುದು ಹಳೆಯ ಆಸೆ. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ. ನಮ್ಮ ಚಾಲನಾ ಪರವಾನಗಿಯನ್ನೇ ಹನ್ನೆರಡು ತಿಂಗಳವರೆಗೆ ಅಲ್ಲಿ ಬಳಸಬಹುದು. ಕೆಎ 06ರ ಲೈಸೆನ್ಸು ಹಿಡಿದು ಅಲ್ಲಿ ಕಾರು ಓಡಿಸಬಹುದೆಂದರೆ ಇನ್ನೇನು ಬೇಕು ಎಂದುಕೊಂಡು, 2024ರ ಮೇ ತಿಂಗಳಿಗೆ ಆರು ದಿನಗಳ ಪ್ರವಾಸವನ್ನು ನಿಗದಿಪಡಿಸಿದೆ. ಟಿಕೆಟ್ ಮತ್ತು ವೀಸಾ ಕೆಲಸವನ್ನು ನಾನೇ ಮಾಡಿಕೊಂಡೆ. ಕಾರಿನ ಬುಕಿಂಗನ್ನು ಮಾತ್ರ ನಮ್ಮೂರಿನ ಟ್ರಾವೆಲ್ ಏಜೆಂಟ್ ಒಬ್ಬನಿಗೆ ವಹಿಸಿದೆ. ಪರಿಚಯದ ಹುಡುಗ, ನಮ್ಮ ಬೀದಿಯವನೇ ಎಂಬ ನಂಬಿಕೆ. ಅವನು ಮಧ್ಯವರ್ತಿ ಜಾಲತಾಣವೊಂದರ ಮೂಲಕ ಕಾರನ್ನು ಗೊತ್ತುಮಾಡಿ, 6,200 ರೂಪಾಯಿಯ ವಿಮೆಯನ್ನೂ ಸೇರಿಸಿ, ತನ್ನ ಸೇವಾ ಶುಲ್ಕವೆಂದು 4,500 ರೂಪಾಯಿ ಪಡೆದು, “ಫುಲ್ ಕವರ್ ಇದೆ ಅಕ್ಕಾ, ಕಣ್ಣು ಮುಚ್ಕೊಂಡು ಓಡಿಸಿ” ಎಂದ. ಕಾರು ಓಡಿಸುವವಳಿಗೆ ಯಾರಾದರೂ ಹೇಳುವ ಮಾತೇ ಅದು? ಆಗ ನಾನು ನಕ್ಕಿದ್ದೆ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಂಜೆ ಏಳು ದಾಟಿತ್ತು, ಮಳೆ ಹಿಡಿದಿತ್ತು. ಬಾಡಿಗೆ ಕಾರಿನ ಕೌಂಟರಿನಲ್ಲಿದ್ದ ಯುವಕ ನಾನು ಕೊಟ್ಟ, ಮೊದಲೇ ವಿದೇಶಿ ಹಣ ತುಂಬಿಸಿಕೊಂಡಿದ್ದ ಫಾರೆಕ್ಸ್ ಕಾರ್ಡನ್ನು ತಿರುಗಿಸಿ ನೋಡಿ, ಠೇವಣಿಗೆ ಇದು ನಡೆಯುವುದಿಲ್ಲ, ಚಾಲಕರ ಹೆಸರಿನಲ್ಲಿರುವ ಕ್ರೆಡಿಟ್ ಕಾರ್ಡೇ ಬೇಕು ಎಂದ. ಅದನ್ನು ಕೊಟ್ಟೆ, 1,200 ಪೌಂಡುಗಳನ್ನು ತಡೆಹಿಡಿದ. ನನ್ನ ವಿಮೆಯ ಕಾಗದವನ್ನು ತೋರಿಸಿದಾಗ ಅವನು ಅದನ್ನು ಮುಟ್ಟಲೂ ಇಲ್ಲ. “ಇದು ನಮ್ಮ ವಿಮೆಯಲ್ಲ. ಹಾನಿಯಾದರೆ ಮೊದಲ 1,200 ಪೌಂಡುಗಳವರೆಗೆ ನಾವು ನಿಮ್ಮಿಂದಲೇ ವಸೂಲು ಮಾಡುತ್ತೇವೆ. ಆಮೇಲೆ ನೀವು ಅವರನ್ನು ಕೇಳಿಕೊಳ್ಳಬೇಕು. ನಮ್ಮದೇ ವಿಮೆ ಬೇಕಿದ್ದರೆ ದಿನಕ್ಕೆ 26 ಪೌಂಡ್” ಎಂದ. ಈಗ ಯೋಚಿಸಿದರೆ, ಇಡೀ ವ್ಯವಹಾರದಲ್ಲಿ ನನಗೆ ಸತ್ಯ ಹೇಳಿದ ಏಕೈಕ ಮನುಷ್ಯ ಅವನೇ. ಆದರೆ ಅವನು ಮಾರಲು ನಿಂತವನು, ಹೆದರಿಸುತ್ತಿದ್ದಾನೆ ಎಂದೇ ನನಗೆ ಅನ್ನಿಸಿತು. ಅಲ್ಲಿಂದಲೇ ಏಜೆಂಟನಿಗೆ ವಾಟ್ಸಾಪ್ ಕರೆ ಮಾಡಿದೆ. ಊರಿನಲ್ಲಿ ಆಗ ರಾತ್ರಿ ಹನ್ನೆರಡರ ಸಮೀಪ. “ಬೇಡ ಅಕ್ಕಾ, ಅವರು ಎಲ್ಲರಿಗೂ ಹಂಗೇ ಹೇಳೋದು. ನಮ್ದು ಫುಲ್ ಕವರ್. ಸೈನ್ ಹಾಕಿ ಗಾಡಿ ಎತ್ಕೊಳ್ಳಿ” ಎಂದು ಆಕಳಿಸುತ್ತಲೇ ಹೇಳಿದ. ಹಿಂದೆ ಸಾಲಿನಲ್ಲಿ ಏಳೆಂಟು ಜನ ನಿಂತಿದ್ದರು. ಟ್ಯಾಬಿನ ಮೇಲೆ ಬೆರಳಿನಿಂದ ಮೂರು ಕಡೆ ಸಹಿ ಗೀಚಿದೆ. ಏನು ಬರೆದಿತ್ತೆಂದು ಓದಲಿಲ್ಲ. ನಾನು, ಓದದೆ, ಸಹಿ ಮಾಡಿದೆ.

ಮಳೆಯಲ್ಲೇ ಕಾರಿನ ನಾಲ್ಕೂ ಬದಿಗಳ ಚಿತ್ರ ತೆಗೆದೆ. ಬಗ್ಗಿ ಚಕ್ರಗಳ ಚಿತ್ರ ತೆಗೆಯಲಿಲ್ಲ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಪ್ರವಾಸದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ, ಆದರೆ ಕೋಟೆಗಳದ್ದೇನೂ ತಪ್ಪಿಲ್ಲ. 1283ರಲ್ಲಿ ಆರಂಭವಾದ ಕಾನ್ವಿ ಕೋಟೆಯ ಎಂಟು ಬುರುಜುಗಳನ್ನೂ ಊರನ್ನು ಸುತ್ತುವರಿದ ಗೋಡೆಯನ್ನೂ ನೋಡಿದೆ. ಬಂಡೆಯ ನೆತ್ತಿಯಲ್ಲಿ ಕುಳಿತ ಹಾರ್ಲೆಕ್ ಕೋಟೆಯನ್ನು ಕಂಡು ನಮ್ಮ ಮಧುಗಿರಿಯೇ ನೆನಪಾಯಿತು. ಬೆದ್‌ಗೆಲರ್ಟ್ ಎಂಬ ಪುಟ್ಟ ಹಳ್ಳಿಯಲ್ಲಿ ನಾಯಿಯೊಂದರ ಸಮಾಧಿಯಿದೆ. ತೋಳದಿಂದ ಮಗುವನ್ನು ಕಾಪಾಡಿದ ನಾಯಿಯನ್ನು, ಬಾಯಿಯ ರಕ್ತ ನೋಡಿ ತಪ್ಪು ತಿಳಿದು ಯಜಮಾನನೇ ಕೊಂದ ಕಥೆ ಅದು. ನಮ್ಮ ಮುಂಗುಸಿಯ ಕಥೆಯೇ ಅಲ್ಲಿ ನಾಯಿಯ ವೇಷ ತೊಟ್ಟಿದೆ. ಆ ಸೀಮೆಯಲ್ಲಿ ರಸ್ತೆಗಳು ಬಲು ಕಿರಿದು, ಎರಡೂ ಬದಿಗೆ ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಗೋಡೆ. 2023ರ ಸೆಪ್ಟೆಂಬರಿನಿಂದ ವೇಲ್ಸಿನ ಜನವಸತಿಯ ರಸ್ತೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 20 ಮೈಲಿಯ ಮಿತಿ, ಅಂದರೆ ನಮ್ಮ 32 ಕಿಲೋಮೀಟರ್. ನಾನು ಅದಕ್ಕಿಂತಲೂ ನಿಧಾನವಾಗಿಯೇ ಓಡಿಸಿದೆ. ಹಿಂದೆ ಬಂದವರಿಗೆ ದಾರಿ ಬಿಡುತ್ತ, ಎದುರಿನವರಿಗೆ ಕೈ ಬೀಸುತ್ತ, ಒಂದು ಗೀರೂ ಆಗದಂತೆ ಓಡಿಸಿದೆ.

ಹಿಂದಿರುಗುವ ವಿಮಾನ ಬೆಳಿಗ್ಗೆ 7.40ಕ್ಕೆ ಇದ್ದುದರಿಂದ ಕಾರನ್ನು ಮುಂಜಾನೆ 4.10ಕ್ಕೆ ಬಿಟ್ಟೆ. ಕೌಂಟರ್ ಮುಚ್ಚಿತ್ತು. ಗೋಡೆಯಲ್ಲಿ ಅಂಚೆಪೆಟ್ಟಿಗೆಯ ಬಾಯಿಯಂಥ ಕಂಡಿಯೊಂದಿತ್ತು, ಕೀಲಿಯನ್ನು ಅದರೊಳಗೆ ಹಾಕಬೇಕೆಂದು ಬರೆದಿತ್ತು. ಕಚೇರಿಯ ಅಭ್ಯಾಸಬಲದಿಂದ ಓಡೋಮೀಟರಿನ ಚಿತ್ರವೊಂದನ್ನು ತೆಗೆದುಕೊಂಡೆ: 18,462 ಮೈಲಿ. ಕೀಲಿ ಒಳಗೆ ಬಿದ್ದು ಟಣ್ ಎಂದ ಸದ್ದು ಈಗಲೂ ಕಿವಿಯಲ್ಲಿದೆ, ಏಕೆಂದರೆ ನಾನು ಮೋಸಹೋದದ್ದು ಆ ಕ್ಷಣದಲ್ಲಿ. ಕಾರನ್ನು ಯಾರೂ ನೋಡಲಿಲ್ಲ, ಯಾರೂ ಸಹಿ ಹಾಕಿಕೊಡಲಿಲ್ಲ. ಬಾಡಿಗೆ ಮನೆ ಖಾಲಿ ಮಾಡುವಾಗ ಮಾಲೀಕರು ಬಂದು ಗೋಡೆ, ನಲ್ಲಿ, ಸ್ವಿಚ್ಚುಗಳನ್ನು ನೋಡಿ ಸರಿಯಾಗಿದೆ ಎನ್ನುವವರೆಗೆ ನಾವು ಕೀಲಿ ಕೊಡುತ್ತೇವೆಯೇ? ಮುಂಗಡ ಬಿಟ್ಟು ಹೋಗುತ್ತೇವೆಯೇ? ನಾನು ಬಿಟ್ಟು ಬಂದೆ.

ಆರನೆಯ ದಿನ ಮಧ್ಯಾಹ್ನ, ಒಬ್ಬ ಕಕ್ಷಿದಾರರ ಖರೀದಿ ಬಿಲ್ಲುಗಳನ್ನು ತಾಳೆ ನೋಡುತ್ತಿದ್ದಾಗ ಬ್ಯಾಂಕಿನ ಸಂದೇಶ ಬಂತು. ಮೊದಲು ಯಾರೋ ಕಾರ್ಡ್ ಕದ್ದಿದ್ದಾರೆಂದೇ ಗಾಬರಿಯಾಯಿತು. ಆಮೇಲೆ ಇಮೇಲ್ ನೋಡಿದೆ. ಮುಂದಿನ ಎಡ ಚಕ್ರದ ಅಲಾಯ್ ರಿಮ್ ಉಜ್ಜಿಹೋಗಿದೆ, 480 ಪೌಂಡ್. ದುರಸ್ತಿಯ ಮೂರು ದಿನ ಬಾಡಿಗೆ ನಷ್ಟ, 126 ಪೌಂಡ್. ಆಡಳಿತ ಶುಲ್ಕ, 45 ಪೌಂಡ್. ಜೊತೆಗೆ ಎರಡು ಚಿತ್ರಗಳಿದ್ದವು. ಒಂದು ಬರೀ ಚಕ್ರದ್ದು. ಯಾವ ಕಾರಿನದೆಂದು ಹೇಳಲು ನಂಬರ್ ಪ್ಲೇಟ್ ಇಲ್ಲ. ಇನ್ನೊಂದು ಓಡೋಮೀಟರಿನದು: 18,471.

ಒಂಬತ್ತು ಮೈಲಿ ಹೆಚ್ಚು! ಒಂಬತ್ತು ಮೈಲಿಯೆಂದರೆ ಹೆಚ್ಚುಕಡಿಮೆ ತುಮಕೂರಿನಿಂದ ದೇವರಾಯನದುರ್ಗದಷ್ಟು ದೂರ. ನಾನು ಕೀಲಿ ಹಾಕಿ ಬಂದ ಮೇಲೆ ಯಾರೋ ಆ ಕಾರನ್ನು ಅಷ್ಟು ದೂರ ಓಡಿಸಿದ್ದಾರೆ, ಅನಂತರ ಚಕ್ರದ ಚಿತ್ರ ತೆಗೆದಿದ್ದಾರೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬರೆದೆ. ಮೂರು ದಿನಗಳ ನಂತರ ಬಂದ ಉತ್ತರವನ್ನು ಹಾಗೆಯೇ ಕನ್ನಡಕ್ಕಿಳಿಸಿ ಕೊಡುತ್ತಿದ್ದೇನೆ: “ವಾಹನವನ್ನು ತಪಾಸಣೆಗಾಗಿ ಬೇರೊಂದು ಸ್ಥಳಕ್ಕೆ ಸಾಗಿಸಿರಬಹುದು. ಇದರಿಂದ ನಿಮ್ಮ ಹೊಣೆಗಾರಿಕೆ ಬದಲಾಗುವುದಿಲ್ಲ. ಕಚೇರಿ ವೇಳೆಯ ಹೊರಗೆ ಮರಳಿಸಿದ ವಾಹನಕ್ಕೆ, ನಮ್ಮ ಸಿಬ್ಬಂದಿ ಪರಿಶೀಲಿಸುವವರೆಗೆ ಗ್ರಾಹಕರೇ ಜವಾಬ್ದಾರರು. ವೇಲ್ಸಿನ ಕಿರಿದಾದ ರಸ್ತೆಗಳಲ್ಲಿ ಇಂಥ ಹಾನಿ ಸಾಮಾನ್ಯ.” ಆ ಕೊನೆಯ ವಾಕ್ಯ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಬೆದ್‌ಗೆಲರ್ಟಿನ ಆಚೆ, ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಗೋಡೆಯ ಪಕ್ಕಕ್ಕೆ ಒತ್ತಿದ್ದೆನಲ್ಲ, ಆಗೇನಾದರೂ ತಾಗಿತೇ, ಸದ್ದು ಕೇಳಿಸಿತೇ ಎಂದು ನನ್ನನ್ನೇ ನಾನು ಪಾಟೀಸವಾಲಿಗೆ ನಿಲ್ಲಿಸಿಕೊಂಡೆ. ತಾಗಿರಲಿಲ್ಲ. ಆದರೆ ಚಕ್ರದ ಚಿತ್ರ ನನ್ನ ಬಳಿ ಇಲ್ಲವಲ್ಲ!

ವಿಮೆ ಮಾರಿದ ಮಧ್ಯವರ್ತಿ ಜಾಲತಾಣಕ್ಕೆ ಬರೆದೆ. ಬಾಡಿಗೆ ಸಂಸ್ಥೆಯೂ ನಾನೂ ಇಬ್ಬರೂ ಸಹಿ ಮಾಡಿದ ಮರಳಿಕೆಯ ತಪಾಸಣಾ ವರದಿಯನ್ನು ಕಳುಹಿಸಿದರೆ ಪರಿಶೀಲಿಸುತ್ತೇವೆ, ಬಾಡಿಗೆ ನಷ್ಟ ಮತ್ತು ಆಡಳಿತ ಶುಲ್ಕ ಮಾತ್ರ ಹೇಗೂ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಬಾಡಿಗೆ ಸಂಸ್ಥೆಯನ್ನು ಆ ವರದಿ ಕೇಳಿದರೆ, ವೇಳೆಯ ಹೊರಗೆ ಮರಳಿಸಿದ ವಾಹನಕ್ಕೆ ಅಂಥ ವರದಿ ಕೊಡುವ ಪದ್ಧತಿಯಿಲ್ಲ ಎಂದರು. ಇವರು ಅವರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ. ಹನ್ನೊಂದು ಇಮೇಲುಗಳಾದ ಮೇಲೆ ‘ಸದ್ಭಾವನೆಯ ಸೂಚಕವಾಗಿ’ 45 ಪೌಂಡ್ ಆಡಳಿತ ಶುಲ್ಕವನ್ನು ಮಾತ್ರ ಹಿಂದಿರುಗಿಸಿದರು. ಯಾರ ಹಣ, ಯಾರ ಸದ್ಭಾವನೆ! ಬ್ಯಾಂಕಿನಲ್ಲಿ ತಕರಾರು ಸಲ್ಲಿಸಿದರೆ, ಕರಾರಿನಲ್ಲಿ ನಾನೇ ಅನುಮತಿ ಕೊಟ್ಟಿರುವ ಕಡಿತವಿದು ಎಂದು ನನ್ನದೇ ಬೆರಳಿನ ಸಹಿಯನ್ನು ನನಗೆ ತೋರಿಸಿದರು.

ಇನ್ನು ನಮ್ಮ ಹುಡುಗ. ಅಂಗಡಿಗೆ ಹೋಗಿ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಅವನು ಒಂದನ್ನೂ ಎತ್ತಿಕೊಳ್ಳದೆ, “ಅಕ್ಕಾ, ನಾನು ಬರೀ ಬುಕ್ ಮಾಡ್ಕೊಟ್ಟಿದ್ದು ಅಷ್ಟೆ” ಎಂದ. ಫುಲ್ ಕವರ್ ಎಂದವನು ಯಾರಪ್ಪ ಎಂದು ಕೇಳಿದೆ. “ಫುಲ್ ಕವರೇ ಅಕ್ಕಾ, ಆದ್ರೆ ಅದು ರಿಫಂಡ್ ಥರ. ನೀವು ಓದ್ಕೊಂಡಿರ್ತೀರ ಅಂದ್ಕೊಂಡೆ, ಆಡಿಟರ್ ಆಫೀಸಲ್ಲಿರೋರು ನೀವು” ಎಂದ. 72 ಸಾವಿರಕ್ಕಿಂತ ಹೆಚ್ಚು ನೋವಾದದ್ದು ಈ ಮಾತಿಗೆ. ಪಕ್ಕದಲ್ಲಿ ಚಾರ್‌ಧಾಮ್ ಪ್ಯಾಕೇಜ್ ವಿಚಾರಿಸಲು ಬಂದಿದ್ದ ದಂಪತಿ ನನ್ನನ್ನೇ ನೋಡುತ್ತಿದ್ದರು.

ಹೋಗಲೇಬೇಕೆಂದಿರುವವರು ಇಷ್ಟು ಮಾಡಿ. ಬಾಡಿಗೆ ಸಂಸ್ಥೆಯವರ ಹೊರತು ಬೇರೆಯವರು ಮಾರುವ ವಿಮೆಯು ನೀವು ಮೊದಲು ಕೈಯಿಂದ ಕೊಟ್ಟು ಆಮೇಲೆ ಬೇಡಿ ಪಡೆಯುವಂಥದ್ದು ಎಂದು ತಿಳಿದೇ ಕೊಳ್ಳಿ. ನನ್ನನ್ನು ಕೇಳಿದರೆ ಆ ದಿನಕ್ಕೆ 26 ಪೌಂಡನ್ನು ಕೊಟ್ಟುಬಿಡಿ, ಆರು ದಿನಕ್ಕೆ 156 ಆಗುತ್ತಿತ್ತು. ನಾಲ್ಕೂ ಚಕ್ರಗಳನ್ನು, ಗಾಜನ್ನು, ಮಳೆಯಿರಲಿ ಕತ್ತಲಿರಲಿ, ಮಂಡಿಯೂರಿಯಾದರೂ ವಿಡಿಯೊ ಮಾಡಿ. ಕಾರು ಬಿಡುವಾಗಲೂ ಮಾಡಿ. ಕೌಂಟರ್ ತೆರೆದಿರುವಾಗ ಮಾತ್ರ ಹಿಂದಿರುಗಿಸಿ, ಅದಕ್ಕಾಗಿ ಹಿಂದಿನ ದಿನವೇ ಬಿಡಬೇಕಾದರೂ ಸರಿ. ಬ್ರಿಟನ್ನಿನಲ್ಲಿ ಬಾಡಿಗೆ ವಾಹನ ಸಂಸ್ಥೆಗಳ ಬಿವಿಆರ್‌ಎಲ್‌ಎ ಎಂಬ ಒಕ್ಕೂಟವಿದ್ದು, ತನ್ನ ಸದಸ್ಯ ಸಂಸ್ಥೆಗಳ ಮೇಲಿನ ಗ್ರಾಹಕರ ದೂರುಗಳಲ್ಲಿ ಅದು ಮಧ್ಯಸ್ಥಿಕೆ ವಹಿಸುತ್ತದೆ. ನನಗೆ ಕಾರು ಕೊಟ್ಟವರು ಅದರ ಸದಸ್ಯರಲ್ಲ ಎಂಬುದನ್ನು ನಾನು ಎಲ್ಲ ಮುಗಿದ ಮೇಲೆ ನೋಡಿದೆ, ನೀವು ಮೊದಲೇ ನೋಡಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಏಜೆಂಟನ ಮೇಲೆ ದೂರು ದಾಖಲಿಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಅವನಿಗೆ ಕೊಟ್ಟ 4,500 ರೂಪಾಯಿಯ ಬಿಲ್ ಕೈಯಲ್ಲಿದ್ದರೆ ಒಳ್ಳೆಯದು. ನಾಲ್ಕು ಸಲ ಕೇಳಿದ್ದೇನೆ. ನಾಳೆ ಕಳಿಸ್ತೀನಿ ಅಕ್ಕಾ ಎನ್ನುತ್ತಾನೆ. ಬಿಲ್ಲುಗಳನ್ನು ವಸೂಲು ಮಾಡುವುದು ಮಾತ್ರ ನನಗೆ ಚೆನ್ನಾಗಿ ಗೊತ್ತಿರುವ ಕೆಲಸ. ಸೋಮವಾರ ಅಂಗಡಿ ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ.