ಆಯಿಲ್ ಕೂಲರ್ ಬದಲಾವಣೆ ಮತ್ತು ಕೂಲೆಂಟ್ ಫ್ಲಶ್: ಹತ್ತೊಂಬತ್ತು ತಿಂಗಳ ಬಳಕೆಯ ನಂತರ

ನನ್ನ ಡೀಸೆಲ್ ಕಾರಿನ ಆಯಿಲ್ ಕೂಲರ್ (ಎಂಜಿನ್ ಆಯಿಲನ್ನು ತಣಿಸುವ ಭಾಗ) ಒಳಗಿನಿಂದ ಸೋರಿ, ಎಂಜಿನ್ ಆಯಿಲ್ ಕೂಲೆಂಟಿನೊಳಗೆ (ಎಂಜಿನ್ನನ್ನು ತಣ್ಣಗಿಡುವ ದ್ರವದೊಳಗೆ) ಬೆರೆತ ಮೇಲೆ ಮಾಡಿಸಿದ ದುರಸ್ತಿಯ ಕುರಿತು ಈ ವಿಮರ್ಶೆ ಬರೆಯುತ್ತಿದ್ದೇನೆ. ಹೊಸ ಕೂಲರ್ ಕೂರಿಸಿ ಈಗ ಹತ್ತೊಂಬತ್ತು ತಿಂಗಳಾಗಿದ್ದು, ಕಾರು ಸುಮಾರು 27,000 ಕಿ.ಮೀ. ಓಡಿದೆ. ಇಂತಹ ಕೆಲಸದ ಗುಣ ಗ್ಯಾರೇಜಿನಿಂದ ಗಾಡಿ ಹೊರಬಂದ ದಿನ ತಿಳಿಯುವುದಿಲ್ಲ. ಕೂಲರ್ ಬದಲಿಸುವುದು ಅರ್ಧ ದಿನದ ಕೆಲಸ; ಕೂಲಿಂಗ್ ವ್ಯವಸ್ಥೆಯೊಳಗೆ ಸೇರಿದ ಜಿಡ್ಡನ್ನು ಹೊರತೆಗೆಯುವುದೇ ನಿಜವಾದ ದುರಸ್ತಿ. ಮೊದಲ ಸಲ ಅದನ್ನು ಅವಸರದಲ್ಲಿ ಮುಗಿಸಿದ್ದರಿಂದ ಇಡೀ ಕೆಲಸವನ್ನು ಎರಡನೆಯ ಬಾರಿ ಮಾಡಿಸಬೇಕಾಯಿತು.

ತೊಂದರೆ ಕಣ್ಣಿಗೆ ಬಿದ್ದದ್ದು ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವ ಅಭ್ಯಾಸದಿಂದ. ಕೂಲೆಂಟ್ ಟ್ಯಾಂಕಿನಲ್ಲಿ ಸದಾ ಕಾಣುತ್ತಿದ್ದ ಗುಲಾಬಿ ದ್ರವ ಅಂದು ಕಾಣಲಿಲ್ಲ. ಎಂಜಿನ್ ಪೂರ್ತಿ ತಣ್ಣಗಿದ್ದುದರಿಂದ ಮುಚ್ಚಳ ತಿರುಗಿಸಿ ತೆಗೆದೆ. ಅದರ ಒಳಮೈಗೆ ಗ್ರೀಸಿನಷ್ಟು ದಪ್ಪನೆಯ ಕಂದು ಕೆನೆ ಅಂಟಿಕೊಂಡಿತ್ತು. ಬೆರಳಿನಲ್ಲಿ ತೆಗೆದು ಉಜ್ಜಿದರೆ ಜಿಡ್ಡು, ಮೂಸಿದರೆ ಆಯಿಲಿನ ವಾಸನೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲಿನ ಬಣ್ಣ ಸರಿಯಾಗಿಯೇ ಇತ್ತು, ಆದರೆ ಮಟ್ಟ ಮಾತ್ರ ಗುರುತಿನಿಂದ ಸಾಕಷ್ಟು ಕೆಳಗಿಳಿದಿತ್ತು. ಅಂದರೆ ಆಯಿಲ್ ಕೂಲೆಂಟಿಗೆ ಹೋಗುತ್ತಿದೆ, ಕೂಲೆಂಟ್ ಆಯಿಲಿಗೆ ಬರುತ್ತಿಲ್ಲ.

ಈ ಏಕಮುಖ ಸೋರಿಕೆಯೇ ಮುಖ್ಯ ಸುಳಿವು. ಆಯಿಲ್ ಕೂಲರ್ ಎಂದರೆ ಒಂದರ ಮೇಲೊಂದು ಜೋಡಿಸಿ ಬೆಸೆದ ತೆಳು ಅಲ್ಯೂಮಿನಿಯಂ ಹಾಳೆಗಳ ಕಟ್ಟು. ಒಂದು ಪದರದಲ್ಲಿ ಆಯಿಲ್ ಹರಿದರೆ ಪಕ್ಕದ ಪದರದಲ್ಲಿ ಕೂಲೆಂಟ್ ಹರಿಯುತ್ತದೆ, ನಡುವೆ ಇರುವುದು ಆ ತೆಳು ಲೋಹ ಮಾತ್ರ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ಸಾಮಾನ್ಯವಾಗಿ 2ರಿಂದ 4 ಬಾರ್ ಇರುತ್ತದೆ. ಕೂಲೆಂಟಿನದು ಸುಮಾರು 1 ಬಾರ್. ಆದ್ದರಿಂದ ಹಾಳೆಯಲ್ಲಿ ಸಣ್ಣ ಬಿರುಕು ಬಿದ್ದರೆ ಓಡುವಷ್ಟು ಹೊತ್ತೂ ಆಯಿಲೇ ಕೂಲೆಂಟಿನ ಕಡೆಗೆ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಆಯಿಲಿನ ಒತ್ತಡ ಸೊನ್ನೆಗಿಳಿದರೂ ಬಿಸಿ ಕೂಲೆಂಟಿನ ಒತ್ತಡ ಸ್ವಲ್ಪ ಹೊತ್ತು ಉಳಿದಿರುತ್ತದೆ. ಬಿರುಕು ದೊಡ್ಡದಾದರೆ ಆ ಹೊತ್ತಿನಲ್ಲಿ ಕೂಲೆಂಟ್ ಆಯಿಲಿಗೆ ಇಳಿದು ಬೇರಿಂಗುಗಳನ್ನು ತಿನ್ನತೊಡಗುತ್ತದೆ. ನನ್ನ ಗಾಡಿ ಆ ಹಂತ ತಲುಪಿರಲಿಲ್ಲ. ಕಂದು ಕೆನೆ ಕಂಡ ಮೇಲೂ ಗಾಡಿ ಓಡಿಸುತ್ತಿರುವವರು ಇದೊಂದು ಕಾರಣಕ್ಕಾದರೂ ಅದನ್ನು ಇಂದೇ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಹೋದ ಗ್ಯಾರೇಜಿನಲ್ಲಿ ಟ್ಯಾಂಕನ್ನು ನೋಡಿದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್, ಹೆಡ್ ಇಳಿಸಲೇಬೇಕು" ಎಂದರು. ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ಹಾಕುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಅದು ಹೋದಾಗಲೂ ಆಯಿಲ್ ಮತ್ತು ಕೂಲೆಂಟ್ ಬೆರೆಯಬಹುದು ಎಂಬುದು ನಿಜ, ಆದರೆ ಹೆಡ್ ಇಳಿಸುವ ಮೊದಲು ಮಾಡಬಹುದಾದ ಸುಲಭ ಪರೀಕ್ಷೆಗಳಿವೆ. ಟ್ಯಾಂಕಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿ ನೋಡುವ ಪರೀಕ್ಷೆಯನ್ನು ಮಾಡಲೇಬೇಕೆಂದು ಪಟ್ಟು ಹಿಡಿದೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಆ ದ್ರಾವಣ ಹಸಿರು ಅಥವಾ ಹಳದಿ ಬಣ್ಣಕ್ಕೆ ತಿರುಗುತ್ತದೆ. ನನ್ನದರಲ್ಲಿ ಅದು ನೀಲಿಯಾಗಿಯೇ ಉಳಿಯಿತು. ಗ್ಯಾಸ್ಕೆಟ್ ಹೋದುದರ ಇತರ ಗುರುತುಗಳಾದ ಸೈಲೆನ್ಸರಿನ ಬಿಳಿ ಹೊಗೆಯಾಗಲಿ, ಹೋಸ್‌ಗಳ ಅತಿಯಾದ ಬಿಗಿತವಾಗಲಿ ಇರಲಿಲ್ಲ. ಆ ಮೇಲೆ ಆಯಿಲ್ ಫಿಲ್ಟರಿನ ಹೌಸಿಂಗ್ ಬಿಚ್ಚಿ ಕೂಲರನ್ನು ಹೊರತೆಗೆದರು.

ಕೂಲರಿನ ಕೂಲೆಂಟ್ ರಂಧ್ರಗಳನ್ನು ತೆರೆದಿಟ್ಟು, ಆಯಿಲ್ ರಂಧ್ರಗಳಲ್ಲಿ ಒಂದನ್ನು ಮುಚ್ಚಿ ಇನ್ನೊಂದಕ್ಕೆ ಗಾಳಿಯ ಪೈಪು ಜೋಡಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿದರು. ತಣ್ಣೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. "ಕೂಲರ್ ಚೆನ್ನಾಗಿದೆ" ಎಂದು ಅವರು ಎತ್ತಿಡಲು ಹೊರಟಾಗ, ಬಿಸಿನೀರಿನಲ್ಲಿ ಒಮ್ಮೆ ನೋಡೋಣ ಎಂದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟ ಮೇಲೆ ಕೂಲೆಂಟ್ ರಂಧ್ರದಿಂದ ಸಾಸಿವೆ ಕಾಳಿನಂತಹ ಗುಳ್ಳೆಗಳು ಒಂದರ ಹಿಂದೊಂದು ದಾರದಂತೆ ಏಳತೊಡಗಿದವು. ಲೋಹ ಬಿಸಿಗೆ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಬಿರುಕು ಅದು. ತಣ್ಣೀರಿನ ಪರೀಕ್ಷೆಯನ್ನು ನಂಬಿ ಹಳೆಯ ಕೂಲರನ್ನೇ ಮರಳಿ ಕೂರಿಸಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಹೊಸ ಕೂಲರ್ ಕೂರಿಸಿದ ಕೆಲಸದಲ್ಲಿ ನನಗೆ ಯಾವ ದೂರೂ ಇಲ್ಲ. ಹಳೆಯ ಓ-ರಿಂಗುಗಳು (ಸೋರದಂತೆ ತಡೆಯುವ ರಬ್ಬರು ಉಂಗುರಗಳು) ಚಪ್ಪಟೆಯಾಗಿ, ಬಗ್ಗಿಸಿದರೆ ಮುರಿಯುವಷ್ಟು ಗಡುಸಾಗಿದ್ದವು, ಅವನ್ನೆಲ್ಲ ಬದಲಿಸಿದರು. ಕೂರುವ ಜಾಗವನ್ನು ಗೀರು ಬೀಳದಂತೆ ಪ್ಲಾಸ್ಟಿಕ್ ತುಂಡಿನಿಂದ ಕೆರೆದು ಒರೆಸಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬೋಲ್ಟ್ ಬಿಗಿದರು. ಹಳೆಯ ಕೂಲರನ್ನು ಬೆಸುಗೆ ಹಾಕಿ ಉಳಿಸಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಹಾಳೆಗಳ ನಡುವಿನ ಬಿರುಕಿಗೆ ಹೊರಗಿನಿಂದ ಕೈ ಎಟುಕುವುದೇ ಇಲ್ಲ, ಅದನ್ನು ಬದಲಿಸುವುದೊಂದೇ ದಾರಿ. ಸೋರಿಕೆ ತಡೆಯುವ ಪುಡಿ ಅಥವಾ ದ್ರವವನ್ನು ಕೂಲೆಂಟಿಗೆ ಸುರಿಯುವ ಸಲಹೆಯನ್ನಂತೂ ಯಾರೂ ಒಪ್ಪಬಾರದು. ಅದು ಬಿರುಕಿಗಿಂತ ಮೊದಲು ಹೀಟರಿನ (ಬಿಸಿ ಕೂಲೆಂಟಿನಿಂದಲೇ ಕಾರಿನೊಳಗೆ ಬಿಸಿಗಾಳಿ ಕೊಡುವ ಭಾಗದ) ಸಣ್ಣ ನಾಳಗಳನ್ನು ಮುಚ್ಚೀತು.

ಅವರು ಎಡವಿದ್ದು ಫ್ಲಶ್ ಮಾಡುವಲ್ಲಿ, ಅಂದರೆ ಒಳಗಿನ ದಾರಿಗಳನ್ನು ತೊಳೆಯುವಲ್ಲಿ. ರೇಡಿಯೇಟರಿನ ಕೆಳಗಿನ ಹೋಸ್ ಬಿಚ್ಚಿ ಕೊಳೆಯನ್ನು ಸುರಿಸಿ, ಒಂದು ಬಾರಿ ಸಾದಾ ನೀರು ತುಂಬಿ ಎಂಜಿನ್ ಓಡಿಸಿ, ಆ ನೀರನ್ನೂ ಸುರಿಸಿ, ಬೆರೆಸಿಯೇ ಬರುವ ಸಿದ್ಧ ಕೂಲೆಂಟ್ ತುಂಬಿ ಗಾಡಿ ಕೊಟ್ಟರು. ಮೂರು ವಾರದೊಳಗೆ ಟ್ಯಾಂಕು ಮತ್ತೆ ಕಂದಾಯಿತು, ಹೀಟರಿನಿಂದ ಬಿಸಿಗಾಳಿ ಬರುವುದು ನಿಂತಿತು, ಏರುದಾರಿಯಲ್ಲಿ ಉಷ್ಣತೆಯ ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರತೊಡಗಿತು. ಹೊಸ ಕೂಲರೂ ಒಡೆಯಿತೆಂದೇ ನಾನು ಹೆದರಿದ್ದೆ. ಆದರೆ 1,000 ಕಿ.ಮೀ. ಓಡಿದ ಮೇಲೂ ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಟ್ಯಾಂಕಿಗೆ ಬಂದದ್ದು ಹೊಸ ಆಯಿಲಲ್ಲ. ಎಂಜಿನ್ ಬ್ಲಾಕಿನಲ್ಲಿ, ಹೀಟರಿನಲ್ಲಿ, ಹೋಸ್‌ಗಳ ಒಳಮೈಯಲ್ಲಿ ಅಂಟಿಕೊಂಡಿದ್ದ ಹಳೆಯ ಜಿಡ್ಡೇ ನಿಧಾನವಾಗಿ ಕಳಚಿಕೊಂಡು ಬರುತ್ತಿತ್ತು. ದುರಸ್ತಿಯ ನಂತರ ಮತ್ತೆ ಕೆನೆ ಕಂಡವರು ಹೊಸ ಭಾಗವನ್ನು ದೂರುವ ಮೊದಲು ಆಯಿಲಿನ ಮಟ್ಟವನ್ನು ಬರೆದಿಟ್ಟು ಅಳೆಯಬೇಕು.

ಒಂದೇ ಬಾರಿಯ ಫ್ಲಶ್ ಏಕೆ ಸಾಲದು ಎಂಬುದನ್ನು ಲೆಕ್ಕವೇ ಹೇಳುತ್ತದೆ. ನನ್ನ ಎಂಜಿನ್ನಿನ ಕೂಲಿಂಗ್ ವ್ಯವಸ್ಥೆ ಒಟ್ಟು 7 ಲೀಟರ್ ಹಿಡಿಯುತ್ತದೆ. ಕೆಳಗಿನ ಹೋಸ್ ಬಿಚ್ಚಿದಾಗ ಸುರಿಯುವುದು 4.5 ಲೀಟರ್ ಮಾತ್ರ, ಉಳಿದ 2.5 ಲೀಟರ್ ಬ್ಲಾಕಿನಲ್ಲಿಯೂ ಹೀಟರಿನಲ್ಲಿಯೂ ನಿಂತೇ ಇರುತ್ತದೆ. ಒಮ್ಮೆ ಸುರಿಸಿ ತುಂಬಿದರೆ ಹಳೆಯದರಲ್ಲಿ ಶೇ. 36ರಷ್ಟು ಒಳಗೇ ಉಳಿಯುತ್ತದೆ, ಎರಡನೆಯ ಬಾರಿಗೆ ಶೇ. 13, ಮೂರನೆಯ ಬಾರಿಗೆ ಶೇ. 5ರ ಆಸುಪಾಸು. ಇದು ನೀರಿನಲ್ಲಿ ಕರಗುವ ವಸ್ತುವಿನ ಲೆಕ್ಕ. ಗೋಡೆಗೆ ಅಂಟುವ ಆಯಿಲ್ ಇನ್ನೂ ಹಟಮಾರಿ. ಅದಲ್ಲದೆ ಆಯಿಲ್ ಶಾಖವನ್ನು ಸಾಗಿಸುವ ಶಕ್ತಿ ನೀರಿನದಕ್ಕೆ ಹೋಲಿಸಿದರೆ ಸುಮಾರು ಕಾಲುಭಾಗ ಮಾತ್ರ. ಲೋಹದ ಮೇಲೆ ಅದರ ಪದರ ಕುಳಿತರೆ ಹೊದಿಕೆ ಹೊದಿಸಿದಂತೆಯೇ ಸರಿ, ಉಷ್ಣತೆಯ ಮುಳ್ಳು ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಬಾರಿ ಬೇರೆ ಮೆಕ್ಯಾನಿಕ್ಕಿನ ಬಳಿ ಹೋದೆ. ಎರಡು ದಿನ ಗಾಡಿ ಬಿಡಬೇಕು ಎಂದು ಅವರು ಮೊದಲೇ ಹೇಳಿದರು, ನಾನು ಎರಡೂ ದಿನ ಪಕ್ಕದಲ್ಲೇ ನಿಂತು ನೋಡಿದೆ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟಿನ ಹರಿವು ತಡೆಹಿಡಿಯುವ ಥರ್ಮೋಸ್ಟಾಟನ್ನು ಹೊರತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಮೊದಲು ಸಾದಾ ನೀರಿನಿಂದ ಎರಡು ಸುತ್ತು ತೊಳೆದರು. ನಂತರ ಕೂಲಿಂಗ್ ವ್ಯವಸ್ಥೆಗೆಂದೇ ತಯಾರಾದ, ನೊರೆ ಕಡಿಮೆ ಬರುವ ಜಿಡ್ಡುನಾಶಕವನ್ನು ಬೆರೆಸಿ, ಡಬ್ಬಿಯ ಮೇಲೆ ಬರೆದಂತೆ ಅರ್ಧ ಗಂಟೆ ಬಿಸಿಯಾಗಿ ಓಡಿಸಿ ಸುರಿಸಿದರು. ಪಾತ್ರೆ ತೊಳೆಯುವ ಸಾಬೂನು ದ್ರವ ಹಾಕಿದರೆ ನೊರೆ ತುಂಬಿ ನೀರು ಸರಿಯಾಗಿ ಹರಿಯುವುದೇ ಇಲ್ಲ. ಕಾಸ್ಟಿಕ್ ಸೋಡಾ ಹಾಕಿದರೆ ಅಲ್ಯೂಮಿನಿಯಂ ಕರಗುತ್ತದೆ. ಜಿಡ್ಡುನಾಶಕದ ಮೂರು ಸುತ್ತು, ಆ ಮೇಲೆ ಸಾದಾ ನೀರಿನ ಎರಡು, ಕೊನೆಗೆ ಡಿಸ್ಟಿಲ್ಡ್ ವಾಟರಿನ ಎರಡು ಸುತ್ತು, ಒಟ್ಟು ಒಂಬತ್ತು ಬಾರಿ ತುಂಬಿ ಸುರಿಸಿದಂತಾಯಿತು.

ಪ್ರತಿ ಸುತ್ತಿನ ನೀರನ್ನೂ ಗಾಜಿನ ಬಾಟಲಿಯಲ್ಲಿ ಹಿಡಿದು, ಸುತ್ತಿನ ಸಂಖ್ಯೆ ಬರೆದು ಸಾಲಾಗಿ ಇಟ್ಟರು. ಮೊದಲನೆಯದು ಕಂದು ಕೆಸರು, ಮೂರನೆಯದು ಬೂದು, ಆರನೆಯದು ನೋಡುವುದಕ್ಕೆ ಶುಭ್ರ. ನನಗೆ ಆರನೆಯದೇ ಸಾಕೆನಿಸಿತ್ತು. "ರಾತ್ರಿ ನಿಲ್ಲಲಿ ಸರ್, ಬೆಳಿಗ್ಗೆ ನೋಡೋಣ" ಎಂದರು. ಬೆಳಿಗ್ಗೆ ಆರನೆಯ ಬಾಟಲಿಯ ಕೊರಳಿನಲ್ಲಿ ನೀರಿನ ಮೇಲೆ ಉಂಗುರದಂತೆ ತೆಳು ಆಯಿಲ್ ಪದರ ಎದ್ದು ನಿಂತಿತ್ತು. ಈ ಒಂದು ಪರೀಕ್ಷೆಗಾಗಿಯೇ ನಾನು ಆ ಮೆಕ್ಯಾನಿಕ್ಕಿಗೆ ಪೂರ್ಣ ಅಂಕ ಕೊಡುತ್ತೇನೆ.

ಹೀಟರನ್ನು ಅವರು ಪ್ರತ್ಯೇಕವಾಗಿ ತೊಳೆದರು. ಎರಡೂ ಹೋಸ್ ಕಳಚಿ, ಹರಿವಿನ ವಿರುದ್ಧ ದಿಕ್ಕಿನಿಂದ ಕಡಿಮೆ ಒತ್ತಡದಲ್ಲಿ ನೀರು ಬಿಟ್ಟಾಗ ಬೆರಳಿನ ಗಾತ್ರದ ಗಸಿಯ ಮುದ್ದೆ ಜಾರಿ ಬಕೆಟ್ಟಿಗೆ ಬಿತ್ತು. ರೇಡಿಯೇಟರಿಗೂ ಹೀಗೆಯೇ ಮಾಡಿದರು. ಟ್ಯಾಂಕು, ಅದರ ಮುಚ್ಚಳ, ಥರ್ಮೋಸ್ಟಾಟ್ ಮತ್ತು ನಾಲ್ಕು ದೊಡ್ಡ ಹೋಸ್‌ಗಳನ್ನು ಹೊಸದಾಗಿ ಹಾಕಿದರು. ಕೂಲೆಂಟಿನ ಹೋಸ್‌ಗಳಿಗೆ ಬಳಸುವ ರಬ್ಬರು ಆಯಿಲನ್ನು ತಾಳುವುದಿಲ್ಲ, ಅದನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಹಳೆಯ ಮೇಲಿನ ಹೋಸನ್ನು ಹಿಂಡಿದರೆ ಕ್ಲಾಂಪಿನ ಬಳಿ ನೆನೆದ ಸ್ಪಂಜಿನಂತಿತ್ತು.

ಕೊನೆಯ ಭರ್ತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಒಳಗೆ 2.5 ಲೀಟರ್ ನೀರು ನಿಂತಿರುವಾಗ ಅರ್ಧಕ್ಕರ್ಧ ಬೆರೆಸಿದ ಸಿದ್ಧ ಕೂಲೆಂಟನ್ನು 4.5 ಲೀಟರ್ ಸುರಿದರೆ ಒಟ್ಟು ಮಿಶ್ರಣದಲ್ಲಿ ಕೂಲೆಂಟಿನ ಪಾಲು ಶೇ. 32ಕ್ಕೆ ಇಳಿಯುತ್ತದೆ. ಮೊದಲ ಗ್ಯಾರೇಜಿನಲ್ಲಿ ಆದದ್ದು ಇದೇ. ಪಾಲು ಕಡಿಮೆಯಾದಂತೆ ತುಕ್ಕು ತಡೆಯುವ ಶಕ್ತಿಯೂ ಕುಗ್ಗುತ್ತದೆ, ಮುಂದಿನ ಕೂಲರಿನ ಆಯುಷ್ಯ ಅಲ್ಲಿಂದಲೇ ಸವೆಯತೊಡಗುತ್ತದೆ. ಈ ಬಾರಿ 3.5 ಲೀಟರ್ ನೀರು ಬೆರೆಸದ ಕೂಲೆಂಟ್ ಹಾಕಿ, ಉಳಿದ ಜಾಗಕ್ಕೆ 1 ಲೀಟರ್ ಡಿಸ್ಟಿಲ್ಡ್ ವಾಟರ್ ತುಂಬಿ, ಗಾಳಿ ಹೊರಡಿಸಿ, ಮಿಶ್ರಣದಲ್ಲಿ ಕೂಲೆಂಟಿನ ಪಾಲು ಎಷ್ಟೆಂದು ತಿಳಿಸುವ ರಿಫ್ರಾಕ್ಟೋಮೀಟರಿನಲ್ಲಿ ಅಳೆದು ತೋರಿಸಿದರು. ಹೆಪ್ಪುಗಟ್ಟುವ ಉಷ್ಣತೆ ಮೈನಸ್ 36 ಡಿಗ್ರಿ ಎಂದು ಬಂತು, ಅಂದರೆ ಹೆಚ್ಚೂಕಡಿಮೆ ಅರ್ಧಕ್ಕರ್ಧ. ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ಅಂದೇ ಒಮ್ಮೆ, 500 ಕಿ.ಮೀ. ನಂತರ ಇನ್ನೊಮ್ಮೆ ಬದಲಿಸಿದೆವು. ಹೊರಬಂದ ಕೊಳೆಯನ್ನೆಲ್ಲ ಕ್ಯಾನುಗಳಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಲಾಯಿತು. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ. ಚರಂಡಿಗೆ ಬಿಟ್ಟರೆ ಅದನ್ನು ನೆಕ್ಕಿದ ನಾಯಿ, ಬೆಕ್ಕುಗಳು ಸಾಯುತ್ತವೆ.

ನಂತರದ ತಿಂಗಳುಗಳ ಅನುಭವ ಹೀಗಿದೆ. ಮೊದಲ ಆರು ವಾರ ಟ್ಯಾಂಕಿನ ನೀರಿನಂಚಿನಲ್ಲಿ ನೂಲಿನಷ್ಟು ತೆಳುವಾದ ಜಿಡ್ಡಿನ ಗೆರೆ ಕಾಣಿಸುತ್ತಿತ್ತು. ಪ್ರತಿ ವಾರ, ತಣ್ಣಗಿರುವಾಗ, ಟಿಶ್ಯೂ ಕಾಗದದಿಂದ ಅದನ್ನು ಎತ್ತಿ ತೆಗೆದೆ. ಏಳನೆಯ ವಾರದಿಂದ ಕಾಗದ ಒಣಗಿದ ಮೇಲೆ ಕಲೆ ಉಳಿಯಲಿಲ್ಲ. ಆರನೆಯ ತಿಂಗಳಲ್ಲಿ ಎಂಜಿನ್ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಗ್ಲೈಕಾಲ್ ಸಿಗಲಿಲ್ಲ, ಕೂಲೆಂಟ್ ಬೆರೆತರೆ ಏರುವ ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಕೆಳಮಟ್ಟದಲ್ಲಿದ್ದವು. ಹೀಟರ್ ಮೊದಲಿನಂತೆ ಬಿಸಿಗಾಳಿ ಕೊಡುತ್ತಿದೆ, ಏರುದಾರಿಯಲ್ಲಿಯೂ ಮುಳ್ಳು ಕದಲುವುದಿಲ್ಲ.

ಕೊರತೆ ಒಂದೇ. ಹೀಟರಿಗೆ ಹೋಗುವ ಗೇಣುದ್ದದ ಸಣ್ಣ ಹೋಸೊಂದನ್ನು, ನೋಡಲು ಚೆನ್ನಾಗಿದೆಯೆಂದು, ಬದಲಿಸದೆ ಬಿಟ್ಟಿದ್ದೆವು. ಎಂಟನೆಯ ತಿಂಗಳಲ್ಲಿ ಅದು ಕ್ಲಾಂಪಿನ ಪಕ್ಕದಲ್ಲಿ ಉಬ್ಬಿ ಜಿನುಗತೊಡಗಿತು. ಟ್ಯಾಂಕಿನ ಮಟ್ಟ ಎರಡು ಬೆರಳಿನಷ್ಟು ಇಳಿದದ್ದನ್ನು ವಾರದ ತಪಾಸಣೆಯಲ್ಲಿ ಗಮನಿಸಿದ್ದರಿಂದ ದಾರಿಯಲ್ಲಿ ನಿಲ್ಲುವುದು ತಪ್ಪಿತು. ಬಿಚ್ಚಿದ ಆ ಹೋಸನ್ನು ಉದ್ದಕ್ಕೆ ಸೀಳಿ ನೋಡಿದಾಗ ಒಳಗಿನ ರಬ್ಬರು ಉಗುರಿಗೆ ಕಿತ್ತು ಬರುವಷ್ಟು ಮೆತ್ತಗಿತ್ತು. ಈ ದುರಸ್ತಿ ಮಾಡಿಸುವವರು ಜಿಡ್ಡು ಮುಟ್ಟಿದ ಹೋಸ್‌ಗಳನ್ನು, ಎಷ್ಟೇ ಚಿಕ್ಕದಿರಲಿ, ಒಂದನ್ನೂ ಬಿಡದೆ ಅದೇ ಸಲಕ್ಕೆ ಬದಲಿಸಿಕೊಳ್ಳಲಿ.

ಕಳೆದ ವಾರ ಮತ್ತೊಮ್ಮೆ ರಿಫ್ರಾಕ್ಟೋಮೀಟರ್ ಹಿಡಿದೆ: ಮೈನಸ್ 35. ಟ್ಯಾಂಕಿನ ಆಚೆ ಬದಿಗೆ ಟಾರ್ಚ್ ಹಿಡಿದರೆ ಗುಲಾಬಿ ದ್ರವದ ಮೂಲಕ ಬೆಳಕು ತೊಡಕಿಲ್ಲದೆ ಈಚೆಗೆ ಬರುತ್ತದೆ.