ದೊಡ್ಡ ಕಾರ್ಡು, ಕರಾವಳಿ ಮಳೆ: ಪೋಸ್ಟ್‌ಕಾರ್ಡ್ ಅಳತೆಯ ಟಾಪ್‌ಲೋಡರ್ ಬಾಳಿಕೆ ಹೇಗಿದೆ?

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಆಡುವವರಿಗೆ ಸಾಮಾನ್ಯ ಕಾರ್ಡು ಜೋಪಾನ ಮಾಡುವುದು ದೊಡ್ಡ ವಿಷಯವಲ್ಲ. 63 ಮಿ.ಮೀ. ಅಗಲ, 88 ಮಿ.ಮೀ. ಉದ್ದದ ಕಾರ್ಡಿಗೆ ಸ್ಲೀವು (ತೆಳು ಪ್ಲಾಸ್ಟಿಕ್ ಹೊದಿಕೆ), ಡಬ್ಬ, ಬೈಂಡರ್ ಎಲ್ಲ ಸಿಗುತ್ತವೆ. ತಲೆನೋವು ಇರುವುದು ಅದೇ ಆಟದ ಬೇರೆ ಬೇರೆ ಬಗೆಗಳಿಗೆ ಬಂದ ದೊಡ್ಡ ಕಾರ್ಡುಗಳದ್ದು. 2009ರ ಪ್ಲೇನ್‌ಚೇಸ್, 2010ರ ಆರ್ಚ್‌ಎನಿಮಿ, 2011ರಿಂದ ಕೆಲವು ವರ್ಷ ಕಮಾಂಡರ್ ಡೆಕ್ಕುಗಳ (ಕಾರ್ಡು ಕಟ್ಟುಗಳ) ಜೊತೆ ಬಂದ ಹೊಳೆಯುವ ಫಾಯಿಲ್ ಕಾರ್ಡುಗಳು, ಇವೆಲ್ಲ ಮೂರೂವರೆ ಇಂಚು ಅಗಲ, ಐದು ಇಂಚು ಉದ್ದ. ನನ್ನ ಹತ್ತಿರ ಮೂರೂ ಬಗೆಯವು ಇವೆ. ಮನೆ ಮಂಗಳೂರಿನಲ್ಲಿ. ಹಾಗಾಗಿ ಈ ವಿಮರ್ಶೆಯಲ್ಲಿ ಪ್ಲಾಸ್ಟಿಕ್ಕಿಗಿಂತ ತೇವದ ಮಾತೇ ಜಾಸ್ತಿ.

ನಾನು ಬಳಸುತ್ತಿರುವುದು ಪೋಸ್ಟ್‌ಕಾರ್ಡ್ ಅಳತೆಯ ಟಾಪ್‌ಲೋಡರ್. ಮೂರು ಕಡೆ ಮುಚ್ಚಿದ, ಮೇಲೆ ಮಾತ್ರ ಬಾಯಿ ಇರುವ ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಇದನ್ನೇ ಏಕೆ ಆರಿಸಿದೆ ಅಂದರೆ, ಲೆಕ್ಕ ಸುಲಭ. ನಮ್ಮ ಅಂಚೆ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಮ್ಯಾಜಿಕ್‌ನ ದೊಡ್ಡ ಕಾರ್ಡು 12.7 ಸೆಂ.ಮೀ. ಉದ್ದ, 8.9 ಸೆಂ.ಮೀ. ಅಗಲ. ಅಗಲದಲ್ಲಿ ಹೆಚ್ಚುಕಮ್ಮಿ ಸರಿಹೊಂದುತ್ತದೆ, ಉದ್ದದಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ. ಹಳೆಯ ಪೋಸ್ಟ್‌ಕಾರ್ಡ್ ಕೂಡಿಡುವವರು ಈ ಆಟ ಹುಟ್ಟುವ ಎಷ್ಟೋ ಮೊದಲಿನಿಂದ ಇದ್ದಾರೆ ಅಲ್ವಾ? ಹಾಗಾಗಿ ಗೇಮ್ ಅಂಗಡಿಯಲ್ಲಿ ಸಿಗದ ಅಳತೆ, ಅಂಚೆಚೀಟಿ ಮತ್ತು ನಾಣ್ಯ ಸಂಗ್ರಹದ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಆಮದು ಮಾಲು ತರಿಸುವುದಾದರೆ ನಾಲ್ಕು ಜನ ಸೇರಿ ತರಿಸಿ. ಒಂದೇ ಪ್ಯಾಕೆಟ್ಟಿಗೆ ಸಾಗಣೆ ಖರ್ಚು ಮೈಮೇಲೆ ಬರುತ್ತದೆ.

ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ್ದು, ಅಂದರೆ ಸ್ಟುಡಿಯೋದವರು ಮ್ಯಾಕ್ಸಿ ಎನ್ನುವ ಫೋಟೋ ಅಳತೆಯದ್ದು, ಇನ್ನೂ ಸುಲಭವಾಗಿ ಸಿಗುತ್ತದೆ. ಅದನ್ನೂ ಬಳಸಿ ನೋಡಿದ್ದೇನೆ. ಕಾರ್ಡು ಒಳಗೆ ಓಡಾಡುತ್ತದೆ. ಎತ್ತಿದಾಗ, ಇಟ್ಟಾಗ ಮೂಲೆ ಹೋಗಿ ಅಂಚಿಗೆ ತಾಗುತ್ತದೆ. ಹಿಂದೆ ಅದೇ ಅಳತೆಯ ದಪ್ಪ ಕಾಗದ ಇಟ್ಟರೆ ಸ್ವಲ್ಪ ಬಿಗಿಯಾಗುತ್ತದೆ, ಆದರೆ ಅಷ್ಟೆಲ್ಲ ಮಾಡುವ ಬದಲು ಸರಿಯಾದ ಅಳತೆಯದ್ದನ್ನೇ ಕೊಳ್ಳುವುದು ಲೇಸು.

ಗಟ್ಟಿತನದ ಬಗ್ಗೆ ದೂರಿಲ್ಲ. ಕಪಾಟಿನಿಂದ ಬಿದ್ದಿವೆ, ಬಸ್ಸಿನಲ್ಲಿ ಚೀಲದೊಳಗೆ ಪ್ರಯಾಣ ಮಾಡಿವೆ, ಒಂದೂ ಒಡೆದಿಲ್ಲ. ಹೊರಮೈ ಮೇಲೆ ಗೀರು ಬಿದ್ದೇ ಬೀಳುತ್ತದೆ, ಅದು ಅದರ ಕೆಲಸ. ಆದರೆ ಬಾಯಿಯ ಅಂಚು ಹರಿತ. ಬರೀ ಕಾರ್ಡನ್ನು ಒಳಗೆ ತಳ್ಳಿದರೆ ಮೂಲೆ ಸವೆಯುತ್ತದೆ. ಆದ್ದರಿಂದ ಮೊದಲು ಮೆತ್ತಗಿನ ಪಾಲಿಪ್ರೊಪಿಲೀನ್ ಸ್ಲೀವು, ಆಮೇಲೆ ಟಾಪ್‌ಲೋಡರ್. ಸ್ಲೀವಿನ ಬಾಯಿ ಟಾಪ್‌ಲೋಡರಿನ ತಳಕ್ಕೆ ಬರುವ ಹಾಗೆ ತಲೆಕೆಳಗಾಗಿ ಹಾಕಿದರೆ ಧೂಳು ಒಳಗೆ ಇಳಿಯುವುದೂ ಕಡಿಮೆ.

ಇನ್ನು ಮುಖ್ಯ ವಿಷಯ, ಕಾರ್ಡು ಬಾಗುವುದು. ಫಾಯಿಲ್ ಕಾರ್ಡಿನ ಮುಂಭಾಗದ ಹೊಳೆಯುವ ಪದರ ತೇವ ಹೀರುವುದಿಲ್ಲ. ಹಿಂದಿನ ಕಾಗದ ಹೀರುತ್ತದೆ, ಹಿಗ್ಗುತ್ತದೆ. ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಹಾಗೇ ಇದ್ದರೆ ಕಾರ್ಡು ಚಿತ್ರದ ಕಡೆಗೆ ಮಡಚಿಕೊಳ್ಳುತ್ತದೆ. ಸಣ್ಣ ಕಾರ್ಡಿನಲ್ಲೂ ಹೀಗೇ ಆಗುತ್ತದೆ, ದೊಡ್ಡದರಲ್ಲಿ ಎದ್ದು ಕಾಣುತ್ತದೆ. ಬಾಗು ಅಷ್ಟೇ ಇದ್ದರೂ ತುದಿ ಮೇಲೇಳುವ ಎತ್ತರ ಉದ್ದದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಉದ್ದ 88 ಮಿ.ಮೀ. ಬದಲು 127 ಮಿ.ಮೀ. ಇದ್ದರೆ ಎತ್ತರ ಸುಮಾರು ಎರಡು ಪಟ್ಟು. ನನ್ನ ಕಮಾಂಡರ್ ಕಾರ್ಡುಗಳು ಜುಲೈ ತಿಂಗಳಲ್ಲಿ ಸ್ಲೀವಿನೊಳಗೇ ದೋಣಿ ಆಗುತ್ತಿದ್ದವು. ಪ್ಲೇನ್‌ಚೇಸ್ ಕಾರ್ಡುಗಳಿಗೆ ಫಾಯಿಲ್ ಇಲ್ಲ, ಅವು ಹೆಚ್ಚು ತೊಂದರೆ ಕೊಟ್ಟಿಲ್ಲ.

ಟಾಪ್‌ಲೋಡರ್ ಇದನ್ನು ತಡೆಯುತ್ತದೆಯೇ? ಅರ್ಧ ಮಾತ್ರ. ಅದು ಕಾರ್ಡನ್ನು ಚಪ್ಪಟೆಯಾಗಿ ಹಿಡಿದಿಡುತ್ತದೆ, ಆದರೆ ಬಾಯಿ ತೆರೆದಿರುವುದರಿಂದ ಗಾಳಿ ಆರಾಮಾಗಿ ಒಳಗೆ ಹೋಗುತ್ತದೆ. ಹೊರಗೆ ತೆಗೆದ ಕೂಡಲೇ ಮತ್ತೆ ಬಾಗು. ಮಾರುವವರು ಇದನ್ನು ಹೇಳುವುದೇ ಇಲ್ಲ. ನಿಜವಾದ ಕೆಲಸ ಮಾಡುವುದು ಅಡುಗೆಮನೆಯ ಏರ್‌ಟೈಟ್ ಡಬ್ಬ, ಸಿಲಿಕಾ ಜೆಲ್, ಜೊತೆಗೊಂದು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್. ಡಬ್ಬದೊಳಗೆ ತೇವಾಂಶ ಶೇ. 40ರಿಂದ 50ರ ನಡುವೆ ಇದ್ದರೆ ಸಾಕು. 65 ದಾಟಿದರೆ ಬೂಷ್ಟಿಗೆ ಆಹ್ವಾನ ಕೊಟ್ಟ ಹಾಗೆ. ತೀರಾ ಒಣಗಿಸಲೂ ಬಾರದು. ಆಗ ಕಾಗದ ಕುಗ್ಗಿ ಕಾರ್ಡು ಹಿಂದಕ್ಕೆ ಬಾಗುತ್ತದೆ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತೆಗೆದುಕೊಳ್ಳಿ. ನೀರು ಹೀರಿ ಬಣ್ಣ ತಿರುಗಿದಾಗ ಸುಮಾರು 120 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಹುಳದ ಭಯಕ್ಕೆ ನುಸಿಗುಳಿಗೆ ಮಾತ್ರ ಹಾಕಬೇಡಿ. ನಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ, ವಾಸನೆಯಂತೂ ಹೋಗುವುದೇ ಇಲ್ಲ.

ಆಲ್ಬಂ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಮೂರೂವರೆ ಇಂಚಿನ ಫೋಟೋ ಹಾಕುವ ಹಳೇ ಆಲ್ಬಂಗಳಲ್ಲಿ ಈ ಕಾರ್ಡುಗಳು ಚೆನ್ನಾಗಿಯೇ ಕೂರುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ಮೆತ್ತನೆಯ ಪಿವಿಸಿ. ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಬರುತ್ತದೆ, ಹಾಳೆ ಜಿಗುಟಾಗುತ್ತದೆ, ಶಾಯಿ ಅದಕ್ಕೆ ಅಂಟಿಕೊಳ್ಳುತ್ತದೆ. ಟಾಪ್‌ಲೋಡರೂ ಪಿವಿಸಿಯದ್ದೇ, ಆದರೆ ಗಟ್ಟಿ ಬಗೆಯದ್ದು. ಒಳಗೆ ಸ್ಲೀವು ಬೇರೆ ಇರುವುದರಿಂದ ಕಾರ್ಡಿಗೆ ನೇರವಾಗಿ ತಾಗುವುದಿಲ್ಲ. ಆಲ್ಬಂ ಹಾಳೆ ಯಾವುದರದ್ದು ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಮೂಲೆಯಿಂದ ಒಂದು ಚೂರು ಕತ್ತರಿಸಿ, ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಬೆರಳಿನಿಂದ ಮುಳುಗಿಸಿ. ಪಾಲಿಪ್ರೊಪಿಲೀನ್ ಆದರೆ ತೇಲಿ ಮೇಲೆ ಬರುತ್ತದೆ, ಪಿವಿಸಿ ತಳಕ್ಕೆ ಹೋಗುತ್ತದೆ. ಹೊಸ ರೇನ್‌ಕೋಟ್ ವಾಸನೆ ಹೊಡೆದರೆ ಪರೀಕ್ಷೆಯೂ ಬೇಡ, ಸುಮ್ನೆ ವಾಪಸ್ ಇಡಿ.

ಗೋಡೆಗೆ ಹಾಕುವ ಆಸೆ ಯಾರಿಗಿಲ್ಲ? ಪ್ಲೇನ್‌ಚೇಸ್ ಚಿತ್ರಗಳು ಅಡ್ಡವಾಗಿ ಹರಡಿಕೊಂಡಿರುತ್ತವೆ, ಫ್ರೇಮಿಗೆ ಹೇಳಿ ಮಾಡಿಸಿದಂತಿವೆ. ಇಲ್ಲಿನ ಒಬ್ಬ ಫ್ರೇಮ್ ಅಂಗಡಿಯವರಿಗೆ ಕೆಲವು ಕೊಟ್ಟಿದ್ದೆ. ಗಾಜಿಗೂ ಕಾರ್ಡಿಗೂ ನಡುವೆ ಮೌಂಟ್ (ಅಂತರ ಬಿಡುವ ದಪ್ಪ ಕಾಗದದ ಚೌಕಟ್ಟು) ಇರಬೇಕು, ಅಂಟು ಹಾಕಬಾರದು ಎಂದು ಬರೆದೇ ಕೊಟ್ಟಿದ್ದೆ. ಬಂದದ್ದು ಗಾಜಿಗೆ ಒತ್ತಿಕೊಂಡ ಕಾರ್ಡು, ಹಿಂದೆ ಡಬಲ್ ಸೈಡ್ ಟೇಪು. ಕೇಳಿದರೆ, "ಅಣ್ಣ, ಹೀಗೆ ಮಾಡಿದ್ರೇ ನೀಟಾಗಿ ಕೂರೋದು" ಅಂದರು. ತೇವದಲ್ಲಿ ಗಾಜಿಗೆ ತಾಗಿದ ಶಾಯಿ ಅಂಟಿಕೊಂಡರೆ ಕಾರ್ಡು ಮುಗಿದ ಹಾಗೆ. ಅದೃಷ್ಟಕ್ಕೆ ಅವು ಅಗ್ಗದ ಕಾರ್ಡುಗಳು. ಈಗ ಫ್ರೇಮ್ ಮಾತ್ರ ಕೊಳ್ಳುತ್ತೇನೆ, ಆಮ್ಲವಿಲ್ಲದ ಮೌಂಟ್ ಬೋರ್ಡು, ಫೋಟೋ ಕಾರ್ನರ್ ಹಾಕಿ ನಾನೇ ಕೂರಿಸುತ್ತೇನೆ. ಸಾಮಾನ್ಯ ಗಾಜು ನೇರಳಾತೀತ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ. ಅದನ್ನು ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸಿದರೂ ಬಿಸಿಲು ಬೀಳುವ ಗೋಡೆ ಬೇಡ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಅಂಗಡಿ ಮುಂದಿನ ಹಳೇ ಪೋಸ್ಟರುಗಳಲ್ಲಿ ಕೆಂಪು, ಹಳದಿ ಮಾಯವಾಗಿ ಬರೀ ನೀಲಿ ಉಳಿದಿರುವುದನ್ನು ನೋಡಿರುತ್ತೀರಿ.

ಆಡುವುದಕ್ಕಂತೂ ಟಾಪ್‌ಲೋಡರ್ ಪ್ರಯೋಜನವಿಲ್ಲ. ಆರ್ಚ್‌ಎನಿಮಿಯಲ್ಲಿ 20 ಸ್ಕೀಮ್ ಕಾರ್ಡುಗಳ ಕಟ್ಟನ್ನು ಕಲಸಬೇಕು. ಅದಕ್ಕೆ ಈ ಅಳತೆಯ ಸ್ಲೀವುಗಳನ್ನೇ ಅಲ್ಟ್ರಾ ಪ್ರೋ ಕಂಪನಿ ಮಾಡುತ್ತದೆ. ನಾನು ಸ್ಕೀಮುಗಳನ್ನು ಅದರಲ್ಲೇ ಇಟ್ಟಿದ್ದೇನೆ.

ಪೋಕೆಮಾನ್ ಆಟದ ಜಂಬೋ ಕಾರ್ಡು ಇರುವವರಿಗೆ ಈ ಟಾಪ್‌ಲೋಡರ್ ಆಗುವುದಿಲ್ಲ. ಅವು ಹೆಚ್ಚುಕಮ್ಮಿ ಎ5 ಕಾಗದದಷ್ಟು ದೊಡ್ಡವು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪಾಲಿಪ್ರೊಪಿಲೀನ್ ಎ5 ಡಿಸ್‌ಪ್ಲೇ ಫೈಲ್ ಸಾಕು. ನನ್ನ ಅಣ್ಣನ ಮಗಳು ತನ್ನ ಜಂಬೋಗಳನ್ನು ಅದರಲ್ಲೇ ಹಾಕಿಕೊಂಡು ತಿರುಗುತ್ತಾಳೆ. ಫೈಲನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಭಾರಕ್ಕೆ ಕಾರ್ಡು ಜೋತು ಬೀಳುತ್ತದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ತೆರೆದ ಬಾಯಿಗೆ. ಕೊಳ್ಳುವ ಮೊದಲು ಮಾರುವವರ ಹತ್ತಿರ ಒಳಗಿನ ಅಗಲ ಕೇಳಿ. ಪ್ಯಾಕೆಟ್ಟಿನ ಮೇಲೆ ಹೊರ ಅಳತೆ ಬರೆದಿರುವ ಮಾಲೂ ಬರುತ್ತದೆ. ಸ್ಲೀವು ಹಾಕಿದ ಮೇಲೆ ನಮಗೆ 9 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಬೇಕು.